ಮುಖವೇ ಬೀಗದ ಕೈ ಆದಾಗ

(ಗಿರಣಿ ಕಾರ್ಮಿಕರು ಹಾಗೂ ಪೇಟೆಯ ಸಣ್ಣ ವ್ಯಾಪಾರಿಗಳು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಎಂಟು ವರುಷ ನಾವು ಮಾಸ್ತರಿಕೆ ಮಾಡಿದವರು. ಬೆಳಗಾದರೆ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುವುದೇ ನಮ್ಮ ಮೊದಲ ಕೆಲಸ. ಹುಡುಗನೊಬ್ಬ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರೆ, ‘ಯಾಕೋ ತಡ?’ ಎಂದು ಕೇಳುತ್ತಿದ್ದೆವು. ‘ಅವ್ವಗೆ ಜ್ವರ ಸರ್, ನೀರು ತಂದಿಟ್ಟು ಬಂದೆ’ ಎಂದರೆ ಒಳಗೆ ಕರೆದು ಹಾಜರಿ ಹಾಕುತ್ತಿದ್ದೆವು. ಸುಳ್ಳು ಹೇಳಿದವರೂ ಇದ್ದಾರು. ಆದರೂ ಬಾಗಿಲಲ್ಲಿ ಕೇಳುವವನೊಬ್ಬನಿದ್ದ, ಹೇಳುವವನಿಗೆ ಬಾಯಿತ್ತು.

ಈ ಮಾತು ಈಗೇಕೆ ಎಂದರೆ, ಬರುವ ತಿಂಗಳಿಂದ ಗಿರಣಿಯ ಬಾಗಿಲಲ್ಲಿ ಮುಖ ನೋಡಿ ಒಳಗೆ ಬಿಡುವ ಯಂತ್ರ ಕೂಡಿಸುತ್ತೇವೆಂದು ನೋಟೀಸು ಹಚ್ಚಿದ್ದಾರೆ. ಪೇಟೆಯ ಮಳಿಗೆ ಕಟ್ಟಡದ ಮಾಲೀಕರೂ ಅದೇ ಯಂತ್ರದ ದರಪಟ್ಟಿ ತರಿಸಿದ್ದಾರೆ. ಯಂತ್ರ ಬೇಡವೆಂದು ಕೂಗುವುದು ಸುಲಭ. ಬರಲಿ ಬಿಡು ಎಂದು ಸುಮ್ಮನಾಗುವುದು ಇನ್ನೂ ಸುಲಭ. ಅದೇನೆಂದು ಮೊದಲು ತಿಳಿಯೋಣ.

ಯಂತ್ರಕ್ಕೆ ನಿಮ್ಮ ಮುಖವೆಂದರೆ ಅಂಕಿಗಳ ಒಂದು ಸಾಲು. ಕ್ಯಾಮೆರಾ ತೆಗೆದ ಚಿತ್ರದಲ್ಲಿ ಮುಖ ಎಲ್ಲಿದೆಯೆಂದು ಗಣಕವು ಹುಡುಕಿ, ಅದರ ಚಹರೆಯನ್ನು ಅಂಕಿಗಳಾಗಿ ಮಾಡಿ ಇಟ್ಟುಕೊಳ್ಳುತ್ತದೆ. ಮರುದಿನ ನೀವು ಬಂದಾಗ ಹೊಸ ಸಾಲನ್ನು ಹಳೆಯ ಸಾಲಿನೊಡನೆ ಹೋಲಿಸುತ್ತದೆ. ಬೆಳಕು ಬೇರೆ, ನಿಂತ ಭಂಗಿ ಬೇರೆ. ಎರಡೂ ಸಾಲು ಅಕ್ಷರಶಃ ಒಂದೇ ಆಗುವುದಿಲ್ಲ. ಎಷ್ಟು ಹತ್ತಿರ ಬಂದರೆ ಸಾಕು ಎಂಬುದನ್ನು ಮನುಷ್ಯನೇ ಗೊತ್ತುಮಾಡುತ್ತಾನೆ. ಜರಡಿ ಇದ್ದ ಹಾಗೆ. ಕಣ್ಣು ಸಣ್ಣದಾದರೆ ಕಳ್ಳನೂ ನಿಲ್ಲುತ್ತಾನೆ, ನಿಜವಾದ ಕೆಲಸಗಾರನೂ ನಿಲ್ಲುತ್ತಾನೆ. ಕಣ್ಣು ದೊಡ್ಡದಾದರೆ ಇಬ್ಬರೂ ಒಳಗೆ ಹೋಗುತ್ತಾರೆ. ರಾತ್ರಿ ಪಾಳಿ ಮುಗಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಹತ್ತಿಯ ಧೂಳು ಮೆತ್ತಿಕೊಂಡು ಬರುವವನ ಗತಿಯೇನು? ಜರಡಿಯನ್ನು ಹಿಡಿದ ಕೈ ಯಾರದು? ಇದೇ ಕೇಳಬೇಕಾದ ಪ್ರಶ್ನೆ.

ಮಾಲೀಕರ ಪಕ್ಷದಲ್ಲೂ ಮಾತಿದೆ. ಒಬ್ಬನ ಕಾರ್ಡನ್ನು ಇನ್ನೊಬ್ಬ ತಂದು ಒತ್ತುವುದುಂಟು. ಗೋದಾಮಿನಲ್ಲಿ ಕಳವಾದರೆ ಸಣ್ಣ ವ್ಯಾಪಾರಿಯ ಬಾಳೇ ಮುಳುಗುತ್ತದೆ. ಬೀಗ ಬೇಡವೆಂದು ನಾವು ಹೇಳುವುದಿಲ್ಲ. ಬೀಗದ ಕೈ ಕಳೆದರೆ ಬೀಗ ಬದಲಿಸಬಹುದು, ಕಾರ್ಡು ಕಳೆದರೆ ಹೊಸ ಕಾರ್ಡು ಕೊಡಬಹುದು. ಮುಖ ಕಳವಾದರೆ? 2019ರ ಆಗಸ್ಟಿನಲ್ಲಿ ಬಯೋಸ್ಟಾರ್ 2 ಎಂಬ ವ್ಯವಸ್ಥೆಯ ಸಂಗತಿ ಬಯಲಾಯಿತು. ಅನೇಕ ದೇಶಗಳಲ್ಲಿ ಕಟ್ಟಡಗಳ ಬಾಗಿಲು ಕಾಯುವ ವ್ಯವಸ್ಥೆ ಅದು. ಹತ್ತು ಲಕ್ಷಕ್ಕೂ ಮೀರಿದ ಜನರ ಬೆರಳಚ್ಚು, ಜೊತೆಗೆ ಮುಖದ ಮಾಹಿತಿ, ಕಾವಲಿಲ್ಲದೆ ತೆರೆದು ಬಿದ್ದಿತ್ತೆಂದು ಅದನ್ನು ಪತ್ತೆಹಚ್ಚಿದ ಸಂಶೋಧಕರು ಹೇಳಿದರು. ಬಾಗಿಲು ಕಾಯಬೇಕಾದವನ ಮನೆಗೇ ಬಾಗಿಲಿರಲಿಲ್ಲ!

ಇನ್ನು ಈ ಯಂತ್ರವನ್ನು ಎದುರಿಸಿದವರ ಕಥೆ ಕೇಳಿ. ಅಮೆರಿಕದ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಅಟ್ಲಾಂಟಿಕ್ ಪ್ಲಾಜಾ ಟವರ್ಸ್ ಎಂಬ ವಠಾರವಿದೆ. ಎರಡು ಎತ್ತರದ ಕಟ್ಟಡಗಳು, 700ಕ್ಕೂ ಹೆಚ್ಚು ಮನೆಗಳು. ಹೆಚ್ಚಿನವರು ಕರಿಯ ಜನ, ಅದರಲ್ಲೂ ಹೆಂಗಸರು. ಬಾಡಿಗೆಯ ಮೇಲೆ ಸರಕಾರದ ಕಟ್ಟಳೆಯಿದ್ದುದರಿಂದ ಅಲ್ಲಿ ನೆಲೆ ನಿಂತವರು. ಬಾಗಿಲಲ್ಲಿ ಕಾವಲುಗಾರರಿದ್ದರು, ಕ್ಯಾಮೆರಾ ಇದ್ದವು, ತೆರೆಯಲು ವಿದ್ಯುತ್ ಬಿಲ್ಲೆ ಇತ್ತು. ಇಷ್ಟು ಸಾಲದೆಂದು 2018ರಲ್ಲಿ ಮಾಲೀಕರು ಮುಖ ಗುರುತಿಸುವ ಬಾಗಿಲು ಹಾಕಲು ರಾಜ್ಯದ ವಸತಿ ಇಲಾಖೆಗೆ ಅರ್ಜಿ ಹಾಕಿದರು.

ಕೆಲವು ಹೆಂಗಸರು ಕಟ್ಟಡದ ಹಜಾರದಲ್ಲಿ ನಿಂತು ನೆರೆಹೊರೆಯವರಿಗೆ ಸಂಗತಿ ತಿಳಿಸಿದರು. ಸ್ವಲ್ಪ ದಿವಸಕ್ಕೆ ಅವರ ಮನೆಗೆ ಆಡಳಿತದ ಕಾಗದ ಬಂತು. ಕಾಗದದೊಡನೆ ಏನಿತ್ತು ಗೊತ್ತೇ? ಹಜಾರದ ಕ್ಯಾಮೆರಾ ತೆಗೆದ ಅವರದೇ ಚಿತ್ರಗಳು! ಹಜಾರ ಪ್ರಚಾರದ ಜಾಗವಲ್ಲವೆಂಬ ಎಚ್ಚರಿಕೆ ಬೇರೆ. ಕಳ್ಳರಿಗೆಂದು ಇಟ್ಟ ಕಣ್ಣು ಮೊದಲು ಬಿದ್ದುದು ಸಂಘ ಕಟ್ಟುವವರ ಮೇಲೆ. ಆ ಹೆಂಗಸರು ಹಿಂದೆಗೆಯಲಿಲ್ಲ. ಮನೆಮನೆಯ ಬಾಗಿಲು ತಟ್ಟಿದರು, ವಕೀಲರನ್ನು ಹಿಡಿದರು. 2019ರ ಮೇ ತಿಂಗಳಲ್ಲಿ 134 ಮಂದಿ ಬಾಡಿಗೆದಾರರ ಆಕ್ಷೇಪಣೆ ಇಲಾಖೆಗೆ ಮುಟ್ಟಿತು. ಆ ವರುಷ ನವೆಂಬರಿನಲ್ಲಿ ಮಾಲೀಕರು ಯೋಜನೆಯನ್ನು ಕೈಬಿಟ್ಟರು.

ಅವರ ಅಂಜಿಕೆ ಹುಸಿಯಾಗಿರಲಿಲ್ಲ. 2019ರ ಡಿಸೆಂಬರಿನಲ್ಲಿ ಅಮೆರಿಕ ಸರಕಾರದ ಮಾನದಂಡ ಸಂಸ್ಥೆಯೇ ಇಂಥ ಯಂತ್ರಗಳ ಲೆಕ್ಕಾಚಾರವನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ತಪ್ಪು, ಬಿಳಿಯರಿಗೆ ಹೋಲಿಸಿದರೆ ಕರಿಯರ ಮತ್ತು ಏಷ್ಯಾದವರ ಮುಖಗಳಲ್ಲಿ, ಅನೇಕ ಯಂತ್ರಗಳಲ್ಲಿ 10ರಿಂದ 100 ಪಟ್ಟು ಹೆಚ್ಚು. ಯಂತ್ರಗಳು ದಿನೇ ದಿನೇ ಸುಧಾರಿಸುತ್ತಿವೆ, ಸರಿ. ಆದರೆ ಯಂತ್ರ ಸರಿಯಾದಷ್ಟೂ ಭಯ ಹೋಗುವುದೆಂದು ತಿಳಿಯಬೇಡಿ. ಅದೇ ನ್ಯೂಯಾರ್ಕಿನಲ್ಲಿ 2022ರ ನವೆಂಬರಿನಲ್ಲಿ ಒಬ್ಬ ತಾಯಿ, ಮಗಳ ಶಾಲಾ ವಯಸ್ಸಿನ ಗೆಳತಿಯರೊಡನೆ ರೇಡಿಯೋ ಸಿಟಿ ಮ್ಯೂಸಿಕ್ ಹಾಲಿಗೆ ಆಟ ನೋಡಲು ಹೋದಳು. ಯಂತ್ರ ಅವಳನ್ನು ತಪ್ಪಿಲ್ಲದೆ ಗುರುತಿಸಿತು. ಕಾವಲುಗಾರರು ಹೊರಗೆ ಕಳಿಸಿದರು. ಅವಳು ವಕೀಲಳು. ಅವಳಿದ್ದ ವಕೀಲರ ಸಂಸ್ಥೆ ಆ ಮಾಲೀಕರ ವಿರುದ್ಧ ಒಂದು ದಾವೆ ನಡೆಸುತ್ತಿತ್ತು. ಅವಳು ಆ ದಾವೆಯನ್ನು ಮುಟ್ಟಿಯೂ ಇರಲಿಲ್ಲ. ಬಾಡಿಗೆಯ ತಕರಾರು ಇರುವ ಮಳಿಗೆದಾರರು ಈ ಕಥೆಯನ್ನು ನೆನಪಿನಲ್ಲಿಡಬೇಕು.

ಇಂಗ್ಲೆಂಡಿನ ಸಂಗತಿ ಕಾರ್ಮಿಕರಿಗೆ ಇನ್ನೂ ಹತ್ತಿರದ್ದು. ಸರ್ಕೋ ಲೀಷರ್ ಎಂಬ ಕಂಪನಿ ತನ್ನ 38 ಕ್ರೀಡಾ ಕೇಂದ್ರಗಳಲ್ಲಿ 2,000ಕ್ಕೂ ಹೆಚ್ಚು ನೌಕರರ ಹಾಜರಿಯನ್ನು ಮುಖ ಮತ್ತು ಬೆರಳಿನಿಂದ ತೆಗೆಯುತ್ತಿತ್ತು. 2024ರ ಫೆಬ್ರವರಿಯಲ್ಲಿ ಅಲ್ಲಿನ ಮಾಹಿತಿ ಆಯುಕ್ತರು ಅದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಕಾರ್ಡಿನಿಂದ ಆಗುವ ಕೆಲಸಕ್ಕೆ ಮುಖವೇಕೆ? ನೌಕರರಿಗೆ ಬೇರೆ ದಾರಿ ಏಕೆ ತೋರಿಸಲಿಲ್ಲ? ಮಾಲೀಕನ ಮುಂದೆ ನಿಂತ ನೌಕರ ‘ಒಲ್ಲೆ’ ಎಂದು ಹೇಳಿಯಾನೇ? ಈ ಮೂರು ಮಾತೇ ಆಜ್ಞೆಯ ಬೇರು.

ನಮ್ಮ ದೇಶದಲ್ಲಿ ಕಾಯಿದೆ ಇಲ್ಲವೇ? ಇದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಮೇಲೆ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಟವು. ಆದರೆ ಅದರ 7ನೆಯ ಕಲಮು ಓದಿ ನೋಡಿ. ಉದ್ಯೋಗದ ಕಾರಣಕ್ಕೆ, ಮಾಲೀಕನಿಗೆ ನಷ್ಟವಾಗದಂತೆ ಕಾಯುವ ಕಾರಣಕ್ಕೆ, ನೌಕರನ ಒಪ್ಪಿಗೆಯಿಲ್ಲದೆಯೂ ಅವನ ಮಾಹಿತಿ ಬಳಸಬಹುದೆಂದಿದೆ. ಕಾಯಿದೆ ಬಿಟ್ಟ ಈ ಕಿಂಡಿಯನ್ನು ಸಂಘವೇ ಮುಚ್ಚಬೇಕು. ಒಬ್ಬೊಬ್ಬರಾಗಿ ಹೋದರೆ ‘ಒಲ್ಲೆ’ ಎಂಬ ಮಾತು ಗಂಟಲಲ್ಲೇ ಉಳಿಯುತ್ತದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವಿಲ್ಲ. ಯಂತ್ರ ಕೂಡಿಸುವ ಮೊದಲೇ ನಾಲ್ಕು ಮಾತು ಬರವಣಿಗೆಯಲ್ಲಿ ಪಡೆಯಬೇಕು:

1. ಮುಖ ಕೊಡಲು ಒಲ್ಲದವರಿಗೆ ಕಾರ್ಡಿನ ದಾರಿ ಇರಬೇಕು; ಆ ದಾರಿ ಹಿಡಿದವರಿಗೆ ಕಿರುಕುಳ ಆಗಕೂಡದು.

2. ಯಂತ್ರ ತಡೆದರೆ ಕಾವಲುಗಾರನು ಬಂದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆದು ಒಳಗೆ ಬಿಡಬೇಕು. ಯಂತ್ರದ ತಪ್ಪಿಗೆ ಕೂಲಿ ಕಡಿಯಕೂಡದು. ಯಂತ್ರದ ನೆಪದಲ್ಲಿ ಕಾವಲುಗಾರನನ್ನು ತೆಗೆಯಲೂ ಕೂಡದು.

3. ಮುಖದ ಅಂಕಿಗಳು ಎಲ್ಲಿರುತ್ತವೆ, ಯಾರ ಕೈಯಲ್ಲಿರುತ್ತವೆ ಎಂದು ತಿಳಿಸಬೇಕು. ಕೆಲಸ ಅಥವಾ ಮಳಿಗೆ ಬಿಟ್ಟ ದಿವಸವೇ ಅಳಿಸಬೇಕು.

4. ಬಾಗಿಲಿಗೆಂದು ಕೊಟ್ಟ ಮುಖ ಬಾಗಿಲಿಗೇ ಇರಬೇಕು. ಸಂಘದ ಸಭೆಗೆ ಯಾರು ಬಂದರು, ಯಾರು ಯಾರೊಡನೆ ನಿಂತರು ಎಂದು ಎಣಿಸಲು ಬಳಸಕೂಡದು.

ಈ ನಾಲ್ಕು ಮಾತು ಒಪ್ಪದ ಮಾಲೀಕರಿಗೆ ನಮ್ಮ ಮುಖ ಕೊಡುವುದಿಲ್ಲವೆಂದು ಹೇಳುವ ಧೈರ್ಯ ನಮಗಿರಬೇಕು. ಬ್ರೂಕ್ಲಿನ್ನಿನ ಹೆಂಗಸರಿಗೆ ಇದ್ದ ಧೈರ್ಯ ನಮ್ಮ ನೂಲುವ ಖಾತೆಯ ಹೆಂಗಸರಿಗಿಲ್ಲವೇ?

ಮನವಿಯ ಹಾಳೆಗಳು ಮೇಜಿನ ಮೇಲಿವೆ. ಭಾನುವಾರದೊಳಗೆ ಎಲ್ಲ ಪಾಳಿಗಳಿಗೂ, ಎಲ್ಲ ಮಳಿಗೆಗಳಿಗೂ ಮುಟ್ಟಬೇಕು. ಓದು ಬಾರದವರಿಗೆ ನಾವೇ ಕೂತು ಓದಿ ಹೇಳುತ್ತೇವೆ; ತಿಳಿಯದೆ ಯಾರೂ ಹೆಬ್ಬೆಟ್ಟು ಒತ್ತಬೇಡಿ. ಮಾಸ್ತರಿಕೆಯ ಈ ಕೆಲಸವೊಂದು ಇನ್ನೂ ನಮ್ಮ ಕೈಯಲ್ಲಿ ಉಳಿದಿದೆ.