ಅಪ್ಪನಿಗೆ ಈಗ ನಮ್ಮಿಂದ ಏನಾದರೂ ಬೇಕಾ?



ನಾನು ಸಾಫ್ಟ್‌ವೇರ್ ಎಂಜಿನಿಯರ್. ಊರು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಎಂ.ಟೆಕ್ ಮುಗಿಸಿ ಪುಣೆಗೆ ಬಂದು 11 ವರ್ಷ ಆಯ್ತು. ಇವತ್ತಿನ ವಿಷಯ ಸತ್ತ ಮೇಲೆ ಮನುಷ್ಯ ಏನಾಗ್ತಾನೆ ಅನ್ನೋದು. ಇದರ ಬಗ್ಗೆ ಮಾತಾಡೋಕೆ ನಾನು ಸ್ವಾಮಿಗಳೂ ಅಲ್ಲ, ಫಿಲಾಸಫಿ ಓದಿದವನೂ ಅಲ್ಲ. ನನ್ನನ್ನ ಇದಕ್ಕೆ ಎಳೆದದ್ದು ನನ್ನ ಐದು ವರ್ಷದ ಮಗಳು. ನಮ್ಮಪ್ಪ ತೀರಿಕೊಂಡು ತಿಂಗಳಾಗಿತ್ತು. ಒಂದು ಭಾನುವಾರ ಅವಳು ಬಾಲ್ಕನಿಯಲ್ಲಿ ಒಂದು ಬಟ್ಟಲು ಅನ್ನ ಇಟ್ಟು ಕಾಯ್ತಾ ಕೂತಿದ್ದಳು. ಏನು ಪುಟ್ಟಾ ಇದು ಅಂದೆ. "ಅಜ್ಜನಿಗೆ ಊಟ. ಕಾಗೆ ಬರಬೇಕು" ಅಂದಳು.

ಪುಣೆಯಲ್ಲಿ ನಮ್ಮ ಬಾಲ್ಕನಿಗೆ ಕಾಗೆ ಬರೋದು ಅಪರೂಪ. ಪಾರಿವಾಳ ಬಂತು, ತಿಂತು. ಅವಳು ನನ್ನ ಮುಖ ನೋಡಿ ಕೇಳಿದಳು: "ಪಾರಿವಾಳ ತಿಂದ್ರೂ ಅಜ್ಜನಿಗೆ ಹೋಗುತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮದು ಲಿಂಗಾಯತ ಮನೆ. ನನ್ನ ಹೆಂಡತಿ ಶಿವಮೊಗ್ಗದ ಕಡೆಯ ಸ್ಮಾರ್ತ ಬ್ರಾಹ್ಮಣರ ಮಗಳು. ಪ್ರೀತಿಸಿ ಮದುವೆ ಆದವರು. ಊಟ, ಹಬ್ಬ, ಭಾಷೆ, ಎಲ್ಲದರಲ್ಲೂ ಹೊಂದಿಕೊಂಡಿದ್ದೆವು. ಆದರೆ ನಮ್ಮಿಬ್ಬರ ಮನೆಗಳು ನಿಜವಾಗಿ ಎಲ್ಲಿ ಬೇರೆ ಅನ್ನೋದು ಗೊತ್ತಾಗಿದ್ದು ಅಪ್ಪ ಹೋದ ರಾತ್ರಿ.

ಅಪ್ಪ ನಮ್ಮ ಜೊತೆ ಎರಡು ತಿಂಗಳು ಇರೋಕೆ ಅಂತ ಪುಣೆಗೆ ಬಂದಿದ್ದರು. ಅವತ್ತು ಸಂಜೆ ನನ್ನ ರೂಮಿನ ಬಾಗಿಲಿಗೆ ಬಂದು, "ತಮ್ಮಾ, ಊರಾಗಿನ ಫೋಟೋ ಈ ಫೋನಿನ್ಯಾಗ ಹೆಂಗ ನೋಡೂದು ತೋರ್ಸು" ಅಂದರು. ನಾನು ಮೀಟಿಂಗ್‌ನಲ್ಲಿದ್ದೆ. "ಹತ್ತು ನಿಮಿಷ ಅಪ್ಪಾ" ಅಂದೆ. ಮೀಟಿಂಗ್ ಒಂದೂವರೆ ತಾಸು ನಡೀತು. ಹೊರಗೆ ಬಂದಾಗ ಅವರು ಉಂಡು ಮಲಗಿದ್ದರು. ರಾತ್ರಿ ಎದೆನೋವು. ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದಿತ್ತು.

ಆಸ್ಪತ್ರೆಯ ಕಾಗದಪತ್ರ ಮಾಡಿಸ್ತಾ ಇದ್ದೆ. ನಮ್ಮ ಸೊಸೈಟಿಯವರೊಬ್ಬರು ಪಾಪ ಓಡಿ ಬಂದಿದ್ದರು. ಬೆಳಿಗ್ಗೆ ವಿದ್ಯುತ್ ಚಿತಾಗಾರದಲ್ಲಿ ಜಾಗ ಮಾತಾಡಲಾ ಅಂತ ಕೇಳಿದರು. ಅಷ್ಟರಲ್ಲಿ ಊರಿಂದ ಕಾಕಾನ ಫೋನು. ಮೊದಲ ಮಾತೇ ಇದು: "ಮಲಗಿಸಬ್ಯಾಡ. ಮೈ ಸೆಟದ ಮ್ಯಾಲ ಕೂಡ್ಸಾಕ ಬರೂದಿಲ್ಲ. ಈಗ ಕೂಡ್ಸು, ಕೂಡ್ಸಿಕೊಂಡ ಬಾ."

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮಲ್ಲಿ ಸುಡುವುದಿಲ್ಲ, ಹೂಳ್ತಾರೆ. ಅದೂ ಮಲಗಿಸಿ ಅಲ್ಲ, ಪೂಜೆಗೆ ಕೂತ ಹಾಗೆ ಕಾಲು ಮಡಚಿ ಕೂರಿಸಿ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು. ಸತ್ತ ಎರಡು-ಮೂರು ತಾಸಿಗೆ ದೇಹ ಬಿಗಿಯೋಕೆ ಶುರುವಾಗುತ್ತೆ, ಸುಮಾರು 12 ತಾಸಿಗೆ ಪೂರ್ತಿ ಕಟ್ಟಿಗೆ ಆಗುತ್ತೆ. ಆಮೇಲೆ ಕೂರಿಸೋದು ಕಷ್ಟ. ಊರಿಗೆ ಸುಮಾರು 350 ಕಿಲೋಮೀಟರ್ ದಾರಿ. ಕಾಕಾ ಹೇಳ್ತಾ ಇದ್ದದ್ದು ಶಾಸ್ತ್ರ ಅಲ್ಲ, ಸಮಯದ ಲೆಕ್ಕ.

ಆ್ಯಂಬುಲೆನ್ಸ್ ಡ್ರೈವರ್ ಸೋಲಾಪುರದ ಕಡೆಯವನು. ನಾನು ತಡವರಿಸ್ತಾ ಹೇಳೋಕೆ ಹೋದೆ. ಅವನೇ "ಲಿಂಗಾಯತ ಆಹಾತ ಕಾ?" ಅಂತ ಕೇಳಿ, ಇನ್ನೊಂದು ಮಾತಾಡದೆ ಎರಡು ಬೆಡ್‌ಶೀಟ್ ತಂದ. ಸ್ಟ್ರೆಚರ್ ಬದಿಗೆ ಇಟ್ಟು, ಅಪ್ಪನನ್ನ ಸೀಟಿನ ಮೂಲೆಗೆ ಆನಿಸಿ ಕೂರಿಸಿ, ಪಕ್ಕದ ಕಂಬಿಗೆ ಬೆಡ್‌ಶೀಟ್ ಕಟ್ಟಿದ. ಇನ್ನೊಂದು ಪಕ್ಕ ನಾನು ಕೂತೆ. ಅವ್ವ, ಹೆಂಡತಿ, ಮಗಳು ಹಿಂದಿನ ಕಾರಿನಲ್ಲಿ. ಸೋಲಾಪುರ ದಾಟಿ, ಭೀಮಾ ನದಿ ದಾಟಿ, ಏಳು ತಾಸು ಅಪ್ಪನ ಭುಜ ನನ್ನ ಭುಜಕ್ಕೆ ಒತ್ತಿತ್ತು. ಕಾಲೇಜಿಗೆ ಹೋದ ಮೇಲೆ ನಾನು ಅವರ ಪಕ್ಕ ಅಷ್ಟು ಹೊತ್ತು ಕೂತಿದ್ದೇ ಇಲ್ಲ.

ಮಣ್ಣು ನಮ್ಮ ಹೊಲದಲ್ಲೇ ಆಯ್ತು. ವಿಭೂತಿ, ಬಿಲ್ವಪತ್ರೆ, ಉಪ್ಪು, ಆಮೇಲೆ ಮಣ್ಣು. ನನ್ನ ಶಾಲೆಯ ಗೆಳೆಯನೊಬ್ಬ ಬಂದಿದ್ದ, ಮುಸ್ಲಿಂ ಹುಡುಗ. ಅವನು ಮೂರು ಹಿಡಿ ಮಣ್ಣು ಹಾಕಿ, ಬಾಯಲ್ಲೇ ಏನೋ ಹೇಳಿಕೊಂಡು ಹಿಂದೆ ಸರಿದ. ಜಂಗಮರು ಅವ್ವನಿಗೆ ಹೇಳಿದ್ದು ಒಂದೇ ಮಾತು: ಅವರು ಎಲ್ಲೂ ಹೋಗಿಲ್ಲ, ಲಿಂಗದಲ್ಲಿ ಕೂಡಿದರು. ಭಕ್ತನಿಂದ ಶುರುವಾಗುವ ಆರು ಸ್ಥಲಗಳಲ್ಲಿ ಕೊನೆಯದು ಐಕ್ಯ. ನಮ್ಮಲ್ಲಿ ತತ್ವದ ಪ್ರಕಾರ ಸಾವಿನ ಸೂತಕ ಇಲ್ಲ, ಪಿಂಡ ಇಲ್ಲ. ಹೋದವರಿಗೆ ನಮ್ಮಿಂದ ಏನೂ ಬಾಕಿ ಇಲ್ಲ.

ಅವ್ವನಿಗೆ ಅದರಿಂದ ಸಮಾಧಾನ ಆಯ್ತು. ನನಗೆ ಆಗಲಿಲ್ಲ. ನನಗೆ ಏನಾದರೂ ಕೊಡಬೇಕಾಗಿತ್ತು. ಕನಿಷ್ಠ ಹತ್ತು ನಿಮಿಷ.

ಪುಣೆಗೆ ಬಂದ ಮೇಲೆ ಈ ಅನ್ನದ ಬಟ್ಟಲು. ಮಗಳು ಶಿವಮೊಗ್ಗದಲ್ಲಿ ತನ್ನ ಮುತ್ತಜ್ಜಿಯ ಶ್ರಾದ್ಧ ನೋಡಿದ್ದಳು, ಅದನ್ನೇ ಮಾಡಿದ್ದಳು. ಅವ್ವನಿಗೆ ಸಿಟ್ಟು ಬಂತು. "ನಮ್ಮಾಗ ಇದೆಲ್ಲಾ ಇಲ್ಲ. ನಿಮ್ಮಪ್ಪ ಏನ ಹಸಕೊಂಡ ತಿರಗ್ಯಾಡಾಕತ್ಯಾರೇನು?" ಅಂದರು. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಬಟ್ಟಲು ಅನ್ನಕ್ಕೆ ಮನೆಯಲ್ಲಿ ಮೂರು ದಿನ ಮಾತಿಲ್ಲ.

ಎಂಜಿನಿಯರ್‌ಗಳು ಕಷ್ಟ ಬಂದರೆ ಏನು ಮಾಡ್ತೀವಿ? ಸ್ಪ್ರೆಡ್‌ಶೀಟ್ ತೆಗೀತೀವಿ. ನಾನೂ ತೆಗೆದೆ. ಮೂರು ಕಾಲಮ್. ಸತ್ತವರು ಎಲ್ಲಿಗೆ ಹೋಗ್ತಾರೆ, ಎಷ್ಟು ದಿನ ಹಿಡಿಯುತ್ತೆ, ಅವರಿಗೆ ನಮ್ಮಿಂದ ಏನು ಬೇಕು. ಓದಿದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ.

ಮೊದಲು ಮಾವನವರಿಗೆ ಫೋನ್ ಮಾಡಿದೆ. ಅವರ ಲೆಕ್ಕ ಬಹಳ ವಿವರವಾದದ್ದು. ಮೊದಲ ಹತ್ತು ದಿನದ ಪಿಂಡಗಳಿಂದ ಹೋದ ಜೀವಕ್ಕೆ ಒಂದೊಂದೇ ಅಂಗ ಮೂಡಿ ಹೊಸ ಶರೀರ ಆಗುತ್ತೆ, ತಲೆಯಿಂದ ಶುರು. 12ನೇ ದಿನ ಸಪಿಂಡೀಕರಣ, ಅಂದರೆ ಹಿಂದಿನ ಮೂರು ತಲೆಮಾರಿನ ಜೊತೆ ಸೇರಿಸೋದು. ಅಲ್ಲಿಂದ ತಂದೆ ವಸು ರೂಪ, ಅಜ್ಜ ರುದ್ರ ರೂಪ, ಮುತ್ತಜ್ಜ ಆದಿತ್ಯ ರೂಪ. ಯಮನ ಊರು ಮುಟ್ಟೋಕೆ ಒಂದು ವರ್ಷ, ದಾರಿಯಲ್ಲಿ ವೈತರಣಿ. ಆ ದಾರಿಯ ಬುತ್ತಿ ಮಕ್ಕಳು ಕೊಡಬೇಕು. ಮೂರನೇ ಕಾಲಮ್ ಪೂರ್ತಿ ತುಂಬಿತು.

ಬೆಳಗಾವಿ ಕಡೆಯ ಜೈನ ಸಹಪಾಠಿಯನ್ನ ಕೇಳಿದೆ. ಅವನು ನಕ್ಕ. ಜೈನರ ಪ್ರಕಾರ ಜೀವ ಒಂದು ದೇಹ ಬಿಟ್ಟು ಮುಂದಿನ ಜನ್ಮಕ್ಕೆ ಹೋಗೋಕೆ ಒಂದು 'ಸಮಯ', ಹೆಚ್ಚೆಂದರೆ ಮೂರ್ನಾಲ್ಕು. 'ಸಮಯ' ಅಂದರೆ ಕಾಲದ ಅತಿ ಚಿಕ್ಕ ತುಣುಕು, ಒಮ್ಮೆ ರೆಪ್ಪೆ ಬಡಿಯೋದರಲ್ಲಿ ಲೆಕ್ಕ ಇಲ್ಲದಷ್ಟು ಕಳೆದುಹೋಗುತ್ತವೆ. ನೀನು ಅನ್ನ ಬೇಯಿಸೋ ಮೊದಲೇ ಅವರು ಇನ್ನೊಂದು ಕಡೆ ಸೇರಿರ್ತಾರೆ, ಯಾರಿಗೆ ಬಡಿಸ್ತೀಯ ಅಂದ. ಲೇಟೆನ್ಸಿ ಇಲ್ಲದ ಸಿಸ್ಟಮ್. ಮೂರನೇ ಕಾಲಮ್ ಖಾಲಿ.

ನಮ್ಮ ಬೈಲಕುಪ್ಪೆ, ಮುಂಡಗೋಡದಲ್ಲಿ ಇರುವ ಟಿಬೆಟನ್ ಬೌದ್ಧರದ್ದು 49 ದಿನ. ಒಂದು ಜನ್ಮಕ್ಕೂ ಇನ್ನೊಂದಕ್ಕೂ ನಡುವೆ ಅಷ್ಟು ಕಾಲ ಇರಬಹುದು, ಆಗ ಪ್ರಾರ್ಥನೆ ದಾರಿ ತೋರುತ್ತೆ ಅಂತ ನಂಬಿಕೆ.

ಮುಂಬೈ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡೋ ಪಾರ್ಸಿ ಹೆಂಗಸೊಬ್ಬರು ತಮ್ಮ ತಾಯಿಯ ವಿಷಯ ಹೇಳಿದರು. ಅವರಲ್ಲಿ ಆತ್ಮ ಮೂರು ರಾತ್ರಿ ಇಲ್ಲೇ ಇರುತ್ತೆ, ನಾಲ್ಕನೇ ದಿನದ ಬೆಳಗಿನ ಜಾವ ಚಿನ್ವತ್ ಸೇತುವೆ ದಾಟುತ್ತೆ. ಮಣ್ಣು, ಬೆಂಕಿ ಮೈಲಿಗೆ ಆಗಬಾರದು ಅಂತ ದೇಹವನ್ನ ಮಲಬಾರ್ ಹಿಲ್‌ನ ಡೂಂಗರವಾಡಿಯಲ್ಲಿ ಹದ್ದುಗಳಿಗೆ ಬಿಡ್ತಿದ್ದರು, ಅಂದರೆ ರಣಹದ್ದು. ಆದರೆ ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧದಿಂದ ದೇಶದ ರಣಹದ್ದುಗಳೇ ಸತ್ತು ಹೋದವು. 2006ರಲ್ಲಿ ಆ ಔಷಧ ದನಗಳಿಗೆ ಕೊಡಬಾರದು ಅಂತ ನಿಷೇಧ ಆಯ್ತು, ಅಷ್ಟರಲ್ಲಿ ತಡ ಆಗಿತ್ತು. ಅಲ್ಲಿ ಈಗ ಸೂರ್ಯನ ಬಿಸಿಲು ಒಟ್ಟುಗೂಡಿಸುವ ಕನ್ನಡಿಗಳನ್ನ ಇಟ್ಟಿದ್ದಾರೆ. ಕೆಲವರು ಸುಡೋದಕ್ಕೆ ಒಪ್ಪಿದರು, ಅಂಥವರಿಗೆ 2015ರಲ್ಲಿ ವರ್ಲಿಯಲ್ಲಿ ಬೇರೆ ಪ್ರಾರ್ಥನಾ ಸಭಾಂಗಣ ಆಯ್ತು. ಅದಕ್ಕೆ ಒಪ್ಪದವರೂ ಇದ್ದಾರೆ. ಅವರ ಮನೆಯಲ್ಲೂ ಅಣ್ಣನದು ಒಂದು, ತಂಗಿಯದು ಒಂದು. "ಜಗಳ ಆಡಿದ್ವಿ. ಆದರೆ ನಾಲ್ಕನೇ ದಿನ ಬೆಳಗಿನ ಜಾವ ಇಬ್ಬರೂ ಎದ್ದು ಕೂತಿದ್ವಿ" ಅಂದರು.

ಊರಿನ ಗೆಳೆಯನಿಗೆ ಫೋನ್ ಮಾಡಿ ಮೂರು ಹಿಡಿ ಮಣ್ಣಿನ ವಿಷಯ ಕೇಳಿದೆ. ವಿಜಯಪುರದವರಿಗೆ ಗೋರಿ ಹೊಸದಲ್ಲ, ಗೋಲಗುಂಬಜ್‌ನಲ್ಲಿ ಕೂಗಾಡಿ ಬೆಳೆದವರು ನಾವು. ಮೇಲೆ ಕಾಣೋದು ಗುರುತಿನ ಗೋರಿ, ಮಹಮ್ಮದ್ ಆದಿಲ್ ಶಾಹನ ನಿಜವಾದ ಸಮಾಧಿ ಕೆಳಗಿದೆ. ಗೆಳೆಯ ಹೇಳಿದ: ಸತ್ತವರು ಕಿಯಾಮತ್ತಿನ ದಿನದವರೆಗೆ ಕಾಯ್ತಾರೆ. ಅವರ ಲೆಕ್ಕದ ಪುಸ್ತಕ ಮುಚ್ಚಿತು, ಆದರೆ ಮೂರು ಖಾತೆ ತೆರೆದೇ ಇರ್ತಾವೆ. ಮುಂದುವರಿಯುವ ದಾನ, ಬಾವಿ ತೋಡಿಸಿದ ಹಾಗೆ. ಉಪಯೋಗಕ್ಕೆ ಬರುವ ವಿದ್ಯೆ. ಒಳ್ಳೆಯ ಮಕ್ಕಳ ಪ್ರಾರ್ಥನೆ. "ನೀ ನೆಟ್ಟಗಿದ್ರ ನಿಮ್ಮಪ್ಪಗ ಮುಟ್ಟತೈತಿ ಅಂತ ನಮ್ಮ ನಂಬಿಕಿ" ಅಂದ.

ಕ್ರೈಸ್ತರ ಸಾಲಿನಲ್ಲಿ ಎರಡು ಉತ್ತರ ಬರೆಯಬೇಕಾಯ್ತು. ಕ್ಯಾಥೊಲಿಕ್ಕರು ನವೆಂಬರ್ 2ರಂದು ಸತ್ತವರಿಗಾಗಿ ಪ್ರಾರ್ಥಿಸ್ತಾರೆ, ಅದರಿಂದ ಶುದ್ಧಿಯ ಸ್ಥಳದಲ್ಲಿರುವ ಆತ್ಮಗಳಿಗೆ ನೆರವಾಗುತ್ತೆ ಅಂತ. ಪ್ರಾಟೆಸ್ಟೆಂಟರು ಅದನ್ನ ಒಪ್ಪಲ್ಲ. 1517ರಲ್ಲಿ ಲೂಥರ್ ಎತ್ತಿದ ತಕರಾರಿನಲ್ಲಿ ಇದೂ ಒಂದು, ದುಡ್ಡು ಕೊಟ್ಟು ಸತ್ತವರ ಶಿಕ್ಷೆ ಕಡಿಮೆ ಮಾಡಿಸಬಹುದಾ ಅಂತ.

ಇನ್ನು ನಮ್ಮ ಚಾರ್ವಾಕರು. ವಿಜಯನಗರ ಕಾಲದ 'ಸರ್ವದರ್ಶನ ಸಂಗ್ರಹ'ದ ಮೊದಲ ಅಧ್ಯಾಯವೇ ಅವರದ್ದು. ಇಲ್ಲಿ ಬಡಿಸಿದ್ದು ಸತ್ತವನಿಗೆ ಮುಟ್ಟೋದಾದರೆ, ಊರಿಗೆ ಹೋಗುವವನಿಗೆ ಬುತ್ತಿ ಯಾಕೆ ಕಟ್ಟಬೇಕು, ಮನೆಯಲ್ಲೇ ಬಡಿಸಿದರೆ ಸಾಲದಾ ಅಂತ ಅವರ ವಾದ. ನಿಜ ಹೇಳಬೇಕಂದರೆ ನನ್ನ ತಲೆ ವಾಲೋದು ಈ ಕಡೆಗೇ. ಆದರೆ ನನ್ನ ಸಂಕಟಕ್ಕೆ ಆ ವಾದ ಉತ್ತರ ಕೊಡಲಿಲ್ಲ.

ಶೀಟ್ ತುಂಬಿದ ಮೇಲೆ ನನಗೆ ಒಂದು ಕಾಣಿಸ್ತು. ನಾವು ಜಗಳ ಆಡೋದು ಮೊದಲ ಕಾಲಮ್ ಬಗ್ಗೆ. ಸ್ವರ್ಗನಾ, ಕೈಲಾಸನಾ, ಇನ್ನೊಂದು ಜನ್ಮನಾ, ಏನೂ ಇಲ್ವಾ. ನಮ್ಮ ಮನೆಯಲ್ಲಿ ಬೆಂಕಿ ಹತ್ತಿದ್ದು ಅದರಿಂದ ಅಲ್ಲ. ಅಪ್ಪ ಎಲ್ಲಿದ್ದಾರೆ ಅಂತ ಅವ್ವ, ನನ್ನ ಹೆಂಡತಿ ಒಂದು ದಿನವೂ ವಾದ ಮಾಡಿಲ್ಲ. ಜಗಳ ಇದ್ದದ್ದು ಮೂರನೇ ಕಾಲಮ್‌ನಲ್ಲಿ. ಅಪ್ಪನಿಗೆ ಈಗ ನಮ್ಮಿಂದ ಏನಾದರೂ ಬೇಕಾ? ಬೇಕು ಅನ್ನೋ ಧರ್ಮಗಳು ಮಕ್ಕಳ ಕೈಗೆ ಕೆಲಸ ಕೊಡ್ತಾವೆ. ಬೇಡ ಅನ್ನೋವು ಮಕ್ಕಳ ತಲೆ ಮೇಲಿನ ಹೊರೆ ಇಳಿಸ್ತಾವೆ. ನಿಮ್ಮಪ್ಪ ಹಸಿದಿಲ್ಲ ಅಂತ ಹೇಳೋದರಲ್ಲೂ ಒಂದು ಕರುಣೆ ಇದೆ. ನೀನು ಇನ್ನೂ ಏನಾದರೂ ಮಾಡಬಹುದು ಅನ್ನೋದರಲ್ಲೂ ಇದೆ. ನನಗೆ ಅವತ್ತು ಎರಡನೆಯದು ಬೇಕಿತ್ತು. ಅವ್ವನಿಗೆ ಮೊದಲನೆಯದು.

ಕಠೋಪನಿಷತ್ತಿನ ನಚಿಕೇತನ ಕಥೆ ಎಲ್ಲರಿಗೂ ಗೊತ್ತು. ಸತ್ತ ಮೇಲೆ ಮನುಷ್ಯ ಇರ್ತಾನಾ ಇಲ್ವಾ ಅಂತ ಯಮನನ್ನೇ ಕೇಳಿದ ಹುಡುಗ. ಆದರೆ ಅದು ಅವನ ಮೂರನೇ ವರ. ಮೊದಲನೇ ವರದಲ್ಲಿ ಅವನು ಕೇಳಿದ್ದು, ನನ್ನ ಮೇಲೆ ನಮ್ಮಪ್ಪನ ಸಿಟ್ಟು ಇಳೀಲಿ, ಮನಸ್ಸು ಶಾಂತ ಆಗಲಿ ಅಂತ. ಸಾವಿನ ಮನೆ ಬಾಗಿಲಲ್ಲಿ ನಿಂತವನಿಗೂ ಮೊದಲು ನೆನಪಾದದ್ದು ಅಪ್ಪನ ಜೊತೆಗಿನ ಬಾಕಿ ಲೆಕ್ಕ. ಈ ಸಲ ಓದಿದಾಗ ನನಗೆ ಅದೇ ಕಣ್ಣಿಗೆ ಬಿತ್ತು.

ಪಿತೃಪಕ್ಷ ಬಂತು. ಮಾವನವರು ಫೋನ್ ಮಾಡಿದರು. "ನೋಡಿ, ನಿಮ್ಮಲ್ಲಿ ಪದ್ಧತಿ ಇಲ್ಲ ಅಂತ ಗೊತ್ತು. ನಮ್ಮಲ್ಲಿ ನೆಂಟರು, ಗುರುಗಳು, ಸ್ನೇಹಿತರು ಎಲ್ಲರಿಗೂ ತರ್ಪಣ ಬಿಡ್ತೀವಿ. ನಿಮಗೆ ಬೇಜಾರಿಲ್ಲ ಅಂದ್ರೆ ಬೀಗರ ಹೆಸರೂ ಹೇಳ್ತೀನಿ. ಗೋತ್ರ ಯಾವುದು?" ಅಂದರು. ನನಗೆ ಗೊತ್ತಿರಲಿಲ್ಲ. "ಪರವಾಗಿಲ್ಲ, ಗೊತ್ತಿಲ್ಲದಿದ್ರೆ ಕಾಶ್ಯಪ ಅಂತೀವಿ" ಅಂದರು. ಸಾವಿರಾರು ವರ್ಷದ ಸಿಸ್ಟಮ್‌ನಲ್ಲೂ ಡೀಫಾಲ್ಟ್ ವ್ಯಾಲ್ಯೂ ಇದೆ!

ಅಳುಕುತ್ತಾ ಅವ್ವನಿಗೆ ಹೇಳಿದೆ. ಅವ್ವ ಸುಮ್ಮನಿದ್ದರು. ಮಹಾಲಯ ಅಮಾವಾಸ್ಯೆ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಹೋಳಿಗೆ. ಅಪ್ಪನ ಫೋಟೋ ಮುಂದೆ ಎಡೆ ಇಟ್ಟಿದ್ದರು. ನಮ್ಮ ಕಡೆ ಬಹಳ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡೋದು ಇದೆ, ತತ್ವದಲ್ಲಿ ಏನೇ ಇರಲಿ. ನಾನು ಕೇಳೇಬಿಟ್ಟೆ: "ಅವ್ವಾ, ಅಪ್ಪ ಲಿಂಗದಾಗ ಕೂಡ್ಯಾರ ಅಂದ್ರ ಈ ಎಡಿ ಯಾರಿಗೆ?"

"ಅವರಿಗೆ ಹಸಿವಿಲ್ಲ ಅಂತ ನನಗೂ ಗೊತ್ತೈತಿ" ಅಂದರು. "ನಲವತ್ತ ವರ್ಷ ಮಾಡಿ ಹಾಕಿದ ಕೈ, ಒಮ್ಮಿಗೇ ಸುಮ್ಮ ಕೂಡ್ತದೇನು?"

ಆಮೇಲೆ ಅವರೇ ಮೊಮ್ಮಗಳನ್ನ ಕರೆದು, ಒಂದು ಚೂರು ಹೋಳಿಗೆ ಕೈಗೆ ಕೊಟ್ಟು, "ಹೋಗು, ನಿನ್ನ ಪಾರಿವಾಳಕ್ಕ ಹಾಕು" ಅಂದರು.

ಮಗಳ ಪ್ರಶ್ನೆಗೆ ನಾನು ಅವತ್ತು ಉತ್ತರ ಹೇಳಿದೆ. ಅಜ್ಜ ಎಲ್ಲಿದ್ದಾರೆ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಪುಟ್ಟಾ. ಅಜ್ಜಿ ಹೇಳೋದು ಒಂದು, ಶಿವಮೊಗ್ಗದ ತಾತ ಹೇಳೋದು ಇನ್ನೊಂದು. ನನಗೆ ಗೊತ್ತಿಲ್ಲ. ನೀನು ಇಡಬೇಕು ಅನ್ನಿಸಿದರೆ ಇಡು. ಅವಳಿಗೆ ಅಷ್ಟು ಸಾಕಾಯ್ತು. ನಾನು ತಿಂಗಳುಗಟ್ಟಲೆ ಹೆದರಿದ್ದು 'ಗೊತ್ತಿಲ್ಲ' ಅನ್ನೋ ಒಂದು ಶಬ್ದಕ್ಕೆ.

ಮುಗಿಸೋ ಮೊದಲು ಊರಿಂದ ದೂರ ಇರುವ ನಮ್ಮಂಥವರಿಗೆ ಒಂದು ಮಾತು. ನಿಮ್ಮ ಅಪ್ಪ ಅಮ್ಮ ಚೆನ್ನಾಗಿರುವಾಗಲೇ ಕೇಳಿ. ಸುಡಬೇಕಾ, ಹೂಳಬೇಕಾ, ಊರಿಗೆ ತರಬೇಕಾ, ಇಲ್ಲೇ ಆದರೂ ನಡೆಯುತ್ತಾ, ಯಾರಿಗೆ ಮೊದಲು ಫೋನ್ ಮಾಡಬೇಕು. ಅಪಶಕುನ ಅಂತ ಒಮ್ಮೆ ಬೈತಾರೆ, ಆಮೇಲೆ ಹೇಳ್ತಾರೆ. ಗಂಡ ಹೆಂಡತಿಯೂ ಮಾತಾಡಿಕೊಳ್ಳಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಮಧ್ಯರಾತ್ರಿ ನಿಂತು ಯೋಚಿಸೋ ವಿಷಯ ಅಲ್ಲ ಇದು. ಕಾಕಾ ಫೋನ್ ಮಾಡದೇ ಇದ್ದಿದ್ದರೆ ನಾನು ಏನು ಮಾಡ್ತಿದ್ದೆನೋ.

ಅವ್ವ ಈಗ ನಮ್ಮ ಜೊತೆಗೇ ಇದ್ದಾರೆ. ಅಪ್ಪನ ಫೋನ್ ಅವರೇ ಇಟ್ಟುಕೊಂಡಿದ್ದಾರೆ. ಮೀಟಿಂಗ್ ನಡುವೆ ಬಂದು ಏನಾದರೂ ಕೇಳಿದರೆ ನಾನು ಈಗಲೂ "ಹತ್ತು ನಿಮಿಷ ಅವ್ವಾ" ಅಂತೀನಿ, ಸುಳ್ಳು ಹೇಳಲ್ಲ. ಆದರೆ ಗಡಿಯಾರ ನೋಡಿಕೊಂಡು ಅಂತೀನಿ.