ಕಾರು ನಮ್ಮದು, ಲೆಕ್ಕ ಅವರದು

ಇವತ್ತು ಯಾವ ರಾಜಕಾರಣಿಯ ವಿಷಯವೂ ಅಲ್ಲ. ಬಂಡಾಯ, ರೆಸಾರ್ಟು, ದೆಹಲಿ ಯಾತ್ರೆ ಎಲ್ಲ ನಾಳೆಗೂ ಇರುತ್ತೆ, ಎಲ್ಲೂ ಓಡಿ ಹೋಗಲ್ಲ. ಇವತ್ತು ನಿಮ್ಮ ಮನೆ ಮುಂದೆ ನಿಂತಿರೋ ಕಾರಿನ ವಿಷಯ ಮಾತಾಡೋಣ. ಅದರಲ್ಲೂ ಆ ಕಾರನ್ನ ವರ್ಷಕ್ಕೊಂದು ಸಲ ಸರ್ವೀಸಿಗೆ ಬಿಟ್ಟು, ಸಂಜೆ ಬಿಲ್ಲು ನೋಡಿ ತಲೆ ಮೇಲೆ ಕೈ ಇಟ್ಟುಕೊಳ್ತೀರಲ್ಲ, ಆ ವಿಷಯ.

ಕಾರು ಕೊಳ್ಳುವಾಗ ನಾವು ಎಷ್ಟು ಲೆಕ್ಕ ಹಾಕ್ತೀವಿ ನೋಡಿ. ಆನ್‌ರೋಡ್ ಬೆಲೆ ಎಷ್ಟು, ಲೋನ್ ಬಡ್ಡಿ ಎಷ್ಟು, ಇಎಂಐ ಎಷ್ಟು, ಮೈಲೇಜ್ ಎಷ್ಟು ಅಂತ. ನಾಲ್ಕು ಶೋರೂಮ್ ಸುತ್ತಿ, ಮ್ಯಾಟ್ ಫ್ರೀ ಕೊಡಿ, ಸೀಟ್ ಕವರ್ ಫ್ರೀ ಕೊಡಿ ಅಂತ ಚೌಕಾಸಿ ಮಾಡ್ತೀವಿ. ಆದರೆ ಅದೇ ಕಾರು ಸರ್ವೀಸಿಗೆ ಹೋದಾಗ ಬೆಳಿಗ್ಗೆ ಒಂಬತ್ತು ಗಂಟೆಗೆ ಕೀ ಕೊಟ್ಟು, ಜಾಬ್ ಕಾರ್ಡಿಗೆ ಸೈನ್ ಹಾಕಿ, ಆಟೋ ಹಿಡಿದು ಆಫೀಸಿಗೆ ಹೋಗಿಬಿಡ್ತೀವಿ. ಚೌಕಾಸಿ ಇಲ್ಲ, ಪ್ರಶ್ನೆ ಇಲ್ಲ. ಯಾಕೆ ಸ್ವಾಮಿ? ಎರಡು ಕಾರಣ. ಒಂದು, ಬಾನೆಟ್ ಕೆಳಗೆ ಏನಿದೆ ಅಂತ ನಮಗೆ ಗೊತ್ತಿಲ್ಲ. ಎರಡು, ವಾರಂಟಿ ಹೋಗಿಬಿಡುತ್ತೆ ಅನ್ನೋ ಭಯ. ಸರ್ವೀಸ್ ಬಿಲ್ಲು ದೊಡ್ಡದಾಗುವುದು ನಮ್ಮ ಅಜ್ಞಾನ ಮತ್ತು ಭಯ, ಇವೆರಡರ ಮೇಲೆಯೇ.

ಮೊದಲು ಒಂದು ಸರಳ ಪ್ರಶ್ನೆ. ಸರ್ವೀಸ್ ಅಂದ್ರೆ ಏನು? ಸಾಮಾನ್ಯ ಪೆಟ್ರೋಲ್ ಕಾರಿಗೆ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷಕ್ಕೆ ಆಗಬೇಕಾದದ್ದು ಇಷ್ಟು: ಇಂಜಿನ್ ಆಯಿಲ್ ಬದಲಿಸಬೇಕು, ಆಯಿಲ್ ಫಿಲ್ಟರ್ ಬದಲಿಸಬೇಕು, ಏರ್ ಫಿಲ್ಟರ್ ನೋಡಬೇಕು, ಬ್ರೇಕು, ಟೈರು, ಬ್ಯಾಟರಿ, ಬೆಲ್ಟು ಪರೀಕ್ಷೆ ಮಾಡಬೇಕು. ಸಣ್ಣ ಕಾರಿಗೆ ಮೂರು ಲೀಟರ್ ಆಸುಪಾಸು ಆಯಿಲ್ ಸಾಕು. ಇದು ರಾಕೆಟ್ ವಿಜ್ಞಾನ ಅಲ್ಲ. ನಮ್ಮೂರ ಗ್ಯಾರೇಜಿನ ಹುಡುಗ ಒಂದೂವರೆ ಗಂಟೆಯಲ್ಲಿ ಮುಗಿಸೋ ಕೆಲಸ.

ಹಾಗಾದ್ರೆ ಬಿಲ್ಲು ಹದಿನಾಲ್ಕು ಸಾವಿರ ಹೇಗಾಗುತ್ತೆ?

ನನ್ನ ಕಾರಿನ ಲೆಕ್ಕವನ್ನೇ ಹೇಳ್ತೀನಿ. ಮೂರು ವರ್ಷದ ಪೆಟ್ರೋಲ್ ಕಾರು. ಬೆಂಗಳೂರಿನ ಒಂದು ಅಧಿಕೃತ ಸರ್ವೀಸ್ ಸೆಂಟರ್, ಹೆಸರು ಬೇಡ. ಸರ್ವೀಸ್ ಅಡ್ವೈಸರ್ ಟ್ಯಾಬ್ ಹಿಡಿದುಕೊಂಡು ಬಂದು, “ಸರ್, ಎಸ್ಟಿಮೇಟು ಹದಿನಾಲ್ಕು ಸಾವಿರದ ಆರುನೂರು ಬರುತ್ತೆ, ಸೈನ್ ಮಾಡಿಬಿಡಿ” ಅಂದ. ಪ್ರಿಂಟ್ ತೆಗೆದು ಕೊಡಪ್ಪಾ ಅಂದೆ. ಸಾಲು ಸಾಲಾಗಿ ಓದಿದೆ. ಆಯಿಲ್, ಫಿಲ್ಟರ್, ಲೇಬರ್, ತೆರಿಗೆ ಎಲ್ಲ ಸೇರಿ ಮಾಮೂಲಿ ಸರ್ವೀಸಿಗೆ 6,600 ರೂಪಾಯಿ. ಉಳಿದ 8,000? ಇಂಜಿನ್ ಡೀಕಾರ್ಬನೈಸಿಂಗ್ 1,900. ಥ್ರಾಟಲ್ ಬಾಡಿ ಕ್ಲೀನಿಂಗ್ 950. ಎಸಿ ಡಿಸ್‌ಇನ್‌ಫೆಕ್ಟೆಂಟ್ 1,250. ಇಂಟೀರಿಯರ್ ಕ್ಲೀನಿಂಗ್ 1,600. ಇಲಿ ಬಾರದ ಸ್ಪ್ರೇ 850. ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 1,450.

ಒಂದೊಂದನ್ನೇ ಕೇಳಿದೆ. “ಇದು ಕಂಪನಿ ಕೊಟ್ಟ ಪುಸ್ತಕದಲ್ಲಿ ಎಲ್ಲಿದೆ, ತೋರಿಸಪ್ಪಾ.” ಅಡ್ವೈಸರ್ ನಕ್ಕ. “ಇಲ್ಲ ಸರ್, ಇದು ರೆಕಮೆಂಡೆಡ್.” ನಮ್ಮ ಬೆಂಗಳೂರಿನ ರಸ್ತೆ ಗುಂಡಿಗಳ ದಯೆಯಿಂದ ಅಲೈನ್‌ಮೆಂಟ್ ಬೇಕಾಗಿತ್ತು, ಅದನ್ನ ಇಟ್ಟುಕೊಂಡೆ. ಉಳಿದದ್ದು ಹೊಡೆದು ಹಾಕಿಸಿದೆ. ಬಿಲ್ಲು 8,050ಕ್ಕೆ ಇಳೀತು. ಐದು ನಿಮಿಷ ಓದಿದ್ದಕ್ಕೆ 6,550 ರೂಪಾಯಿ ಉಳೀತು.

ಆ ‘ರೆಕಮೆಂಡೆಡ್’ ಅನ್ನೋ ಪದ ಇದೆಯಲ್ಲ, ಅದನ್ನ ಸ್ವಲ್ಪ ಬಿಡಿಸಿ ನೋಡಿ. ಡೀಕಾರ್ಬನೈಸಿಂಗ್ ಅನ್ನೋದು ಸುಳ್ಳಲ್ಲ. ಇಂಜಿನ್ ನಡುಗ್ತಾ ಇದ್ರೆ, ಪಿಕಪ್ ಬಿದ್ದು ಹೋಗಿದ್ರೆ, ಮೆಕ್ಯಾನಿಕ್ ಪರೀಕ್ಷೆ ಮಾಡಿ ಬೇಕು ಅಂದ್ರೆ ಮಾಡಿಸಬೇಕು. ಚೆನ್ನಾಗಿ ಓಡ್ತಿರೋ ಇಂಜಿನ್ನಿಗೆ ಪ್ರತಿ ವರ್ಷ ಯಾಕೆ? ಎಸಿ ಗ್ಯಾಸ್ ಕಥೆಯೂ ಅಷ್ಟೇ. ಅದು ಮುಚ್ಚಿದ ವ್ಯವಸ್ಥೆ. ಎಲ್ಲೋ ಲೀಕ್ ಆಗಿದ್ರೆ ಮಾತ್ರ ಗ್ಯಾಸ್ ಕಡಿಮೆ ಆಗುತ್ತೆ. ತಣ್ಣಗಿನ ಗಾಳಿ ಬರ್ತಾ ಇದ್ದರೆ ವರ್ಷಾ ವರ್ಷಾ ತುಂಬಿಸೋಕೆ ಅದೇನು ಅಡುಗೆ ಮನೆ ಸಿಲಿಂಡರಾ? ಎಸಿಯ ಕ್ಯಾಬಿನ್ ಫಿಲ್ಟರ್ ಬಹಳಷ್ಟು ಕಾರುಗಳಲ್ಲಿ ಎಡಗಡೆ ಸೀಟಿನ ಎದುರಿಗಿರೋ ಡ್ಯಾಶ್‌ಬೋರ್ಡ್ ಡಬ್ಬಿಯ ಹಿಂದೆಯೇ ಇರುತ್ತೆ. ಡಬ್ಬಿ ಬಿಚ್ಚಿ, ಹಳೇ ಫಿಲ್ಟರ್ ಎಳೆದು, ಹೊಸದು ತೂರಿಸಿದರೆ ಮುಗೀತು. ಅದಕ್ಕೂ ಲೇಬರ್!

ಹಾಗಂತ ಎಲ್ಲದಕ್ಕೂ ಬೇಡ ಅನ್ನಬೇಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರಿನಂಶವನ್ನ ಹೀರಿಕೊಳ್ಳುತ್ತೆ, ಅದಕ್ಕೇ ಪುಸ್ತಕ ಹೇಳಿದ ಅವಧಿಗೆ ಬದಲಿಸಲೇಬೇಕು. ಬ್ರೇಕ್ ಪ್ಯಾಡ್ ಸವೆದಿದ್ರೆ ಹಾಕಿಸಲೇಬೇಕು. ಅಲ್ಲಿ ದುಡ್ಡು ಉಳಿಸೋಕೆ ಹೋದ್ರೆ ಜೀವಕ್ಕೇ ಬರುತ್ತೆ. ಯಾವುದು ಬೇಕು, ಯಾವುದು ಬೇಡ ಅಂತ ಗೊತ್ತಿರಬೇಕು, ಅಷ್ಟೇ. ಅದನ್ನ ಹೇಳೋ ಪುಸ್ತಕ ನಿಮ್ಮ ಕಾರಿನಲ್ಲೇ ಇದೆ. ಓನರ್ಸ್ ಮ್ಯಾನುವಲ್. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಡಬ್ಬಿಯಲ್ಲಿ ಮಲಗಿಸಿದ್ದೀರಲ್ಲ, ಅದೇ. ಅದರಲ್ಲಿ ಸರ್ವೀಸಿನ ಒಂದು ಕೋಷ್ಟಕ ಇರುತ್ತೆ. ಯಾವ ಕಿಲೋಮೀಟರಿಗೆ ಯಾವುದನ್ನ ಪರೀಕ್ಷಿಸಬೇಕು, ಯಾವುದನ್ನ ಬದಲಿಸಬೇಕು ಅಂತ ಕಾರು ತಯಾರು ಮಾಡಿದವರೇ ಬರೆದಿದ್ದಾರೆ. ‘ಪರೀಕ್ಷಿಸಿ’ ಅಂತ ಇದ್ದದ್ದು ಜಾಬ್ ಕಾರ್ಡಿಗೆ ಬರೋ ಹೊತ್ತಿಗೆ ‘ಬದಲಿಸಿ’ ಆಗಿದ್ದರೆ, ಬಿಲ್ಲು ಬೆಳೆದದ್ದು ಅಲ್ಲೇ.

ಈಗ ಆ ಅಡ್ವೈಸರ್ ಹುಡುಗನ ಮೇಲೆ ಕೂಗಾಡಬೇಕಾ? ಬೇಡ. ಅವನೂ ಡಿಪ್ಲೊಮಾ ಮಾಡಿ, ಯಾವುದೋ ತಾಲ್ಲೂಕಿನಿಂದ ಬೆಂಗಳೂರಿಗೆ ಬಂದ ನಮ್ಮ ಮನೆ ಹುಡುಗನೇ. ಅವನ ತಲೆ ಮೇಲೆ ತಿಂಗಳ ಟಾರ್ಗೆಟ್ ಇರುತ್ತೆ. ಹೊಸ ಕಾರು ಮಾರಿದರೆ ಡೀಲರಿಗೆ ಸಿಗೋ ಲಾಭ ತೆಳು, ಅದರಲ್ಲೂ ಡಿಸ್ಕೌಂಟ್ ಕೊಟ್ಟು ಮಾರಬೇಕು. ಶೋರೂಮ್ ಬಾಡಿಗೆ, ಸಂಬಳ, ಕಂಪನಿ ಹೇಳಿದ ಯಂತ್ರಗಳು, ಎಲ್ಲದರ ಖರ್ಚು ಸರ್ವೀಸು, ಬಿಡಿಭಾಗ, ಇನ್ಶೂರೆನ್ಸಿನಿಂದ ಹುಟ್ಟಬೇಕು. ಒಪ್ಪೋಣ. ಆದರೆ ಡೀಲರ್‌ನ ಲೆಕ್ಕ ಸರಿದೂಗಿಸೋಕೆ ಗ್ರಾಹಕನ ಕಾರಿಗೆ ಬೇಡದ ಔಷಧಿ ಹೊಡೆಯೋದು ವ್ಯಾಪಾರ ಅಲ್ಲ ರೀ.

ಇದು ಕಾರಿದ್ದವರ ತಕರಾರು, ಇವರಿಗೇನು ಕಡಿಮೆ ಅಂತ ಕೆಲವರಿಗೆ ಅನ್ನಿಸಬಹುದು. ಯೆಲ್ಲೋ ಬೋರ್ಡ್ ಓಡಿಸೋರನ್ನ ಕೇಳಿ. ತಿಂಗಳಿಗೆ ಐದು ಸಾವಿರ ಕಿಲೋಮೀಟರ್ ಓಡಿಸಿದ್ರೆ ಎರಡು ತಿಂಗಳಿಗೊಂದು ಸರ್ವೀಸು. ವರ್ಷಕ್ಕೆ ಆರು. ಪ್ರತಿ ಸಲ ಐದು ಸಾವಿರ ಹೆಚ್ಚು ಕೊಟ್ಟರೆ ವರ್ಷಕ್ಕೆ ಮೂವತ್ತು ಸಾವಿರ. ಅದು ಮಗಳ ಕಾಲೇಜು ಫೀಸು ಸ್ವಾಮಿ. ಮನೆ ಬಾಡಿಗೆ. ಏರ್‌ಪೋರ್ಟ್ ರಸ್ತೆಯಲ್ಲಿ ರಾತ್ರಿಯೆಲ್ಲ ಎದ್ದು ದುಡಿದ ದುಡ್ಡು.

ಹಾಗಾದ್ರೆ ಹೊರಗಿನ ಗ್ಯಾರೇಜಿಗೆ ಹೋಗಬಹುದಲ್ಲ? ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಸಿಗದ ಬಿಡಿಭಾಗ ಇದೆಯಾ? ಇಲ್ಲೇ ಬರೋದು ವಾರಂಟಿ ಅನ್ನೋ ಗುಮ್ಮ. “ಹೊರಗೆ ಮುಟ್ಟಿಸಿದ್ರೆ ವಾರಂಟಿ ಕ್ಯಾನ್ಸಲ್ ಸರ್.” ಈ ಒಂದು ಮಾತಿಗೆ ನಾವೆಲ್ಲ ತಣ್ಣಗಾಗ್ತೀವಿ.

ಈ ಮಾತಿನ ಬಗ್ಗೆ ದೇಶದ ಸ್ಪರ್ಧಾ ಆಯೋಗ ಏನು ಹೇಳಿದೆ ಗೊತ್ತಾ? 2014ರ ಆಗಸ್ಟ್ 25. ಒಬ್ಬ ಗ್ರಾಹಕ ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ತಪ್ಪೇನು? ಅಸಲಿ ಬಿಡಿಭಾಗಗಳನ್ನ, ದೋಷ ಪತ್ತೆ ಮಾಡೋ ಉಪಕರಣಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದು. ಕಾರು ಕೊಂಡವನು ಬೇರೆ ದಾರಿಯಿಲ್ಲದೆ ತಮ್ಮ ಬಾಗಿಲಿಗೇ ಬರಬೇಕು ಅನ್ನೋ ಹಾಗೆ ಕಟ್ಟಿ ಹಾಕಿದ್ದು. ಆಯೋಗ ಕೊಟ್ಟ ಸೂಚನೆಗಳನ್ನೂ ಕೇಳಿ. ಬಿಡಿಭಾಗಗಳ ವಿವರ, ಎಂಆರ್‌ಪಿ, ನಿರ್ವಹಣೆಯ ಖರ್ಚು ಎಲ್ಲವನ್ನೂ ಸಾರ್ವಜನಿಕವಾಗಿ ಪ್ರಕಟಿಸಿ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಅನ್ನೋ ಷರತ್ತು ಹಾಕಬೇಡಿ. ಹೊರಗಿನವರ ತಪ್ಪು ಕೆಲಸದಿಂದ ಏನು ಹಾಳಾಗಿದೆಯೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು. ಎಷ್ಟು ನ್ಯಾಯವಾದ ಮಾತು!

ಆಮೇಲೆ ಏನಾಯ್ತು? ನಮ್ಮ ದೇಶದಲ್ಲಿ ಏನಾಗುತ್ತೋ ಅದೇ ಆಯ್ತು. ಕಂಪನಿಗಳು ಮೇಲ್ಮನವಿ ಹೋದವು, ಹೈಕೋರ್ಟ್ ಮೆಟ್ಟಿಲು ಹತ್ತಿದವು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ವಿಷಯದಲ್ಲಿ ತಪ್ಪಾಗಿರುವುದು ಹೌದು ಎಂದಿತು, ದಂಡವನ್ನು ಮಾತ್ರ ಇಳಿಸಿತು. ಆದೇಶ ಬಂದು ಹತ್ತು ವರ್ಷ ದಾಟಿದೆ. “ವಾರಂಟಿ ಕ್ಯಾನ್ಸಲ್ ಸರ್” ಅನ್ನೋ ಮಾತು ಮಾತ್ರ ಇವತ್ತಿಗೂ ಸರ್ವೀಸ್ ಸೆಂಟರಿನ ಕೌಂಟರ್‌ನಲ್ಲಿ ಹಾಗೇ ಕೂತಿದೆ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಅಂತ ಒಂದು ಪೋರ್ಟಲ್ ಶುರು ಮಾಡಿತು. ವಾಹನ, ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ಈ ನಾಲ್ಕರ ರಿಪೇರಿ ಮಾಹಿತಿ ಜನರಿಗೆ ಸಿಗಲಿ ಅಂತ. ಒಳ್ಳೇದೇ. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ವೋಟು ಹಾಕಿ ಕಾರು ರಿಪೇರಿ ಮಾಹಿತಿ ಕೊಡಲೇಬೇಕು ಅನ್ನೋ ಕಾನೂನು ತಂದುಕೊಂಡರು. ನಮಗೆ ಪೋರ್ಟಲ್.

ಇದರಲ್ಲಿ ನಷ್ಟ ಕಾರು ಮಾಲೀಕನಿಗೆ ಮಾತ್ರ ಅಲ್ಲ. ಸದ್ದು ಕೇಳಿಯೇ ಕಾಯಿಲೆ ಹೇಳ್ತಿದ್ದ ನಮ್ಮ ಮೆಕ್ಯಾನಿಕ್‌ಗಳನ್ನ ನೆನಪಿಸಿಕೊಳ್ಳಿ. ಇವತ್ತಿನ ಕಾರಿನ ತುಂಬ ಸೆನ್ಸರ್, ಕಂಪ್ಯೂಟರ್. ಕಂಪನಿಯ ಸ್ಕ್ಯಾನರ್, ಸಾಫ್ಟ್‌ವೇರ್ ಇಲ್ಲದೆ ಕೆಲವು ಕೆಲಸಕ್ಕೆ ಅವರು ಕೈ ಹಾಕೋಕೇ ಆಗಲ್ಲ. ಮೂವತ್ತು ವರ್ಷದ ವಿದ್ಯೆ ಇದೆ, ಬೀಗದ ಕೈ ಮಾತ್ರ ಬೇರೆಯವರ ಹತ್ತಿರ. ಅವರ ಗ್ಯಾರೇಜು ಮುಚ್ಚಿದ ದಿನ ಡೀಲರ್ ಹೇಳಿದ್ದೇ ರೇಟು.

ಹೊರಗಿನ ಗ್ಯಾರೇಜೆಲ್ಲ ಸತ್ಯ ಹರಿಶ್ಚಂದ್ರನ ಸಂತತಿ ಅಂತ ನಾನು ಹೇಳ್ತಾ ಇಲ್ಲ. ಡೂಪ್ಲಿಕೇಟ್ ಆಯಿಲ್, ಡೂಪ್ಲಿಕೇಟ್ ಫಿಲ್ಟರ್ ಹಾಕೋರು ಅಲ್ಲೂ ಇದ್ದಾರೆ. ಬಿಲ್ಲೇ ಕೊಡದವರು ಇದ್ದಾರೆ. ಎಚ್ಚರ ಎರಡೂ ಕಡೆ ಬೇಕು.

ಹಾಗಾದ್ರೆ ನೀವು ಮಾಡಬೇಕಾದ್ದು ಏನು? ವಾರಂಟಿ ಇರೋ ತನಕ ಅಧಿಕೃತ ಸರ್ವೀಸ್ ಸೆಂಟರಿಗೇ ಹೋಗಿ. ಜಗಳದ ಅವಕಾಶ ಅವರಿಗೆ ಕೊಡಬೇಡಿ. ಆದರೆ ಪುಸ್ತಕದ ಕೋಷ್ಟಕದಲ್ಲಿ ಇರೋದನ್ನ ಮಾತ್ರ ಮಾಡಿ ಅಂತ ಜಾಬ್ ಕಾರ್ಡಿನ ಮೇಲೆ ಬರೆಸಿ. ಹಲವು ಕಂಪನಿಗಳ ವೆಬ್‌ಸೈಟಿನಲ್ಲೇ ನಿಮ್ಮ ಕಾರಿಗೆ, ನಿಮ್ಮ ಕಿಲೋಮೀಟರಿಗೆ ಎಷ್ಟಾಗುತ್ತೆ ಅನ್ನೋ ಲೆಕ್ಕ ಸಿಗುತ್ತೆ. ಅದನ್ನ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ‘ಫ್ರೀ ಸರ್ವೀಸ್’ ಅಂದರೆ ಸಾಮಾನ್ಯವಾಗಿ ಲೇಬರ್ ಮಾತ್ರ ಫ್ರೀ, ಆಯಿಲ್, ಫಿಲ್ಟರಿಗೆ ದುಡ್ಡು ಕೊಡಬೇಕು ಅನ್ನೋದು ನೆನಪಿರಲಿ. ಬದಲಿಸಿದ ಹಳೇ ಭಾಗಗಳನ್ನ ತೋರಿಸಿ ಅಂತ ಬೆಳಿಗ್ಗೆಯೇ ಹೇಳಿ. ಮಧ್ಯಾಹ್ನ ಫೋನ್ ಮಾಡಿ “ಸರ್, ಇನ್ನೊಂದು ಪ್ರಾಬ್ಲಮ್ ಇದೆ” ಅಂದರೆ, ಫೋಟೋ ಕಳಿಸಿ, ರೇಟು ಕಳಿಸಿ, ಆಮೇಲೆ ಹೇಳ್ತೀನಿ ಅನ್ನಿ.

ಇನ್ನೊಂದು ಕೆಲಸ. ಹಳೇ ಬಿಲ್ಲು, ಹೊಸ ಬಿಲ್ಲು ಪಕ್ಕ ಪಕ್ಕ ಇಡಿ. ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18 ಪರ್ಸೆಂಟಿಗೆ ಬಂದಿದೆ. ಅದಕ್ಕೂ ಮೊದಲು ಬಹಳಷ್ಟು ಭಾಗಗಳ ಮೇಲೆ 28 ಇತ್ತು. ಆ ಹತ್ತು ಪರ್ಸೆಂಟ್ ನಿಮ್ಮ ಬಿಲ್ಲಿನಲ್ಲಿ ಇಳಿದಿದೆಯಾ, ಇಲ್ಲ ಮೂಲ ಬೆಲೆಯೇ ಮೇಲಕ್ಕೆ ಹತ್ತಿದೆಯಾ? ನೀವೇ ನೋಡಿ.

ಮೋಸ ಆಗಿದೆ ಅನ್ನಿಸಿದ್ರೆ ಮೊದಲು ಕಂಪನಿಗೆ ಲಿಖಿತವಾಗಿ ದೂರು ಕೊಡಿ. ಕೇಳಲಿಲ್ಲವಾ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಗಲೂ ಆಗಲಿಲ್ಲವಾ? ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ. ಅದಕ್ಕೇ ಪ್ರತಿ ಬಿಲ್ಲು, ಪ್ರತಿ ಜಾಬ್ ಕಾರ್ಡು ಜೋಪಾನವಾಗಿ ಇಡಿ.

ಸರ್ಕಾರಕ್ಕೆ ನನ್ನ ಪ್ರಶ್ನೆ ಒಂದೇ. ಬಿಡಿಭಾಗದ ಬೆಲೆ ಬಹಿರಂಗ ಮಾಡಿ, ವಾರಂಟಿ ಹೆಸರಲ್ಲಿ ಹೆದರಿಸಬೇಡಿ ಅಂತ ನಿಮ್ಮದೇ ಆಯೋಗ 2014ರಲ್ಲಿ ಹೇಳಿದ ಮಾತನ್ನ ಕಾನೂನು ಮಾಡೋಕೆ ಇನ್ನೆಷ್ಟು ವರ್ಷ ಬೇಕು? ಅಲ್ಲೀತನಕ ಗ್ರಾಹಕನಿಗೆ ಇರೋ ಕಾವಲುಗಾರ ಗ್ರಾಹಕನೇ. ಮುಂದಿನ ಸಲ ಟ್ಯಾಬ್ ಮುಂದೆ ಹಿಡಿದು “ಸೈನ್ ಮಾಡಿ ಸರ್” ಅಂದಾಗ ಅವಸರ ಮಾಡಬೇಡಿ. ಕೂತುಕೊಳ್ಳಿ. ಒಂದು ಕಾಫಿ ಕೇಳಿ, ಹೇಗೂ ಅದರ ದುಡ್ಡು ಬಿಲ್ಲಿನಲ್ಲಿ ಸೇರಿರುತ್ತೆ. ಪೂರ್ತಿ ಓದಿ, ಆಮೇಲೆ ಸೈನ್ ಹಾಕಿ.