ಜಿಂಕೆಗೆ ಬಿತ್ತಿದ ಅವರೆ

ಅವರೆಕಾಯಿ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಏನು? ಪುಷ್ಯ ಮಾಸದ ಚಳಿ, ಬೆಳಗಿನ ಇಬ್ಬನಿ, ಸಂತೆಯಲ್ಲಿ ರಾಶಿ ಹಾಕಿದ ಸೊಗಡಿನ ಕಾಯಿ, ಸಂಜೆ ಮನೆಮಂದಿಯೆಲ್ಲ ಮೊರದ ಸುತ್ತ ಕುಳಿತು ಬಿಡಿಸುವ ಕಾಳು, ಮಾರನೆಯ ದಿನದ ಹಿದಕವರೆ ಸಾರು. ಈ ಅವರೆಯನ್ನು ಮನುಷ್ಯರಿಗಲ್ಲ, ದನಕರುಗಳಿಗೂ ಅಲ್ಲ, ಕಾಡಿನ ಜಿಂಕೆಗೆಂದೇ ಬಿತ್ತುವ ಜನ ಉಂಟು ಎಂದರೆ ನಂಬುತ್ತೀರಾ? ನಾನೂ ಮೊದಲು ನಂಬಲಿಲ್ಲ. ಅಮೆರಿಕದ ಟೆಕ್ಸಸ್ ಸಂಸ್ಥಾನದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದಾಗ, "ಮೇಷ್ಟ್ರೇ, ಅಲ್ಲಿ ಬೀಜದಂಗಡಿಯಲ್ಲಿ ಅವರೆ ಮೂಟೆ ಇರುತ್ತೆ, ಮೂಟೆ ಮೇಲೆ ಜಿಂಕೆ ಚಿತ್ರ ಇರುತ್ತೆ" ಎಂದ. ನಮ್ಮಲ್ಲಿ ಹೊಲಕ್ಕೆ ಜಿಂಕೆ ನುಗ್ಗಿತೆಂದರೆ ತಮಟೆ ಬಾರಿಸಿ ಓಡಿಸುತ್ತೇವೆ. ಅಲ್ಲಿ ಹೊಲ ಮಾಡಿ ಬಾ ಎಂದು ಕರೆಯುತ್ತಾರೆ. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಅದರಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಒಂದೇ ಪ್ರಶ್ನೆ: ಮಳೆ ಕೈಕೊಟ್ಟ ವರ್ಷ ಆ ಹೊಲದ ಗತಿ ಏನು?

ಮೊದಲು ಅಲ್ಲಿಯ ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಟೆಕ್ಸಸ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೆಲ ಖಾಸಗಿಯವರದು. ನೆಲ ಒಡೆಯನದಾದರೂ ಅದರ ಮೇಲೆ ಓಡಾಡುವ ಜಿಂಕೆ ಕಾನೂನಿನ ಪ್ರಕಾರ ಸಾರ್ವಜನಿಕರ ಸೊತ್ತು. ಬೇಟೆಯ ಋತುವಿನಲ್ಲಿ ಬೇಟೆಗಾರರು ಒಡೆಯನಿಗೆ ಹಣ ಕೊಟ್ಟು ಆ ನೆಲದಲ್ಲಿ ಬೇಟೆಯಾಡುತ್ತಾರೆ. ಆದ್ದರಿಂದ ಜಿಂಕೆ ಪುಷ್ಟವಾಗಿದ್ದರೆ ಒಡೆಯನಿಗೆ ಲಾಭ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಜಿಂಕೆಯ ಬೇಟೆ ಅಪರಾಧ. ನನಗಂತೂ ಬೇಟೆಯಲ್ಲಿ ರುಚಿಯಿಲ್ಲ. ಸಂಸ್ಕೃತದಲ್ಲಿ 'ಮೃಗ' ಎಂದರೆ ಕಾಡುಪ್ರಾಣಿಯೂ ಹೌದು, ಜಿಂಕೆಯೂ ಹೌದು; ಬೇಟೆಗೆ 'ಮೃಗಯಾ' ಎಂದೇ ಹೆಸರು. ಇಂಗ್ಲಿಷಿನ 'ಡಿಯರ್' ಎಂಬ ಮಾತಿಗೂ ಹಿಂದೆ ಬರಿಯ 'ಪ್ರಾಣಿ' ಎಂದೇ ಅರ್ಥವಿತ್ತು. ಎರಡು ದೂರದ ಭಾಷೆಗಳೂ ಜಿಂಕೆಯನ್ನೇ ಪ್ರಾಣಿಗಳ ಪ್ರತಿನಿಧಿಯಾಗಿ ಆರಿಸಿಕೊಂಡದ್ದು ಸೋಜಿಗ. ಇರಲಿ, ಹೊಲಕ್ಕೆ ಬರೋಣ.

ಅಲ್ಲಿಯ ಜಿಂಕೆ ಬಿಳಿಬಾಲದ ಜಾತಿ. ನಮ್ಮ ಚುಕ್ಕೆ ಜಿಂಕೆ ಮುಖ್ಯವಾಗಿ ಹುಲ್ಲು ಮೇಯುವುದು. ಇದು ಹುಲ್ಲನ್ನು ಮೂಸುವುದೇ ಅಪರೂಪ, ಪೊದೆಯ ಚಿಗುರು ಮತ್ತು ಅಗಲ ಎಲೆಯ ಗಿಡಗಳೇ ಇದರ ಊಟ. ಬೆಳೆದ ಜಿಂಕೆಯೊಂದಕ್ಕೆ ದಿನಕ್ಕೆ ಸುಮಾರು ಮೂರು ಕಿಲೋ ಮೇವು ಬೇಕು. ಮರಿಗಳು ಹುಟ್ಟುವುದು ಬೇಸಗೆಯ ಆರಂಭದಲ್ಲಿ. ಗಂಡಿಗೆ ಹೊಸ ಕೊಂಬು ಬೆಳೆಯುವುದೂ ವಸಂತದಿಂದ ಬೇಸಗೆಯ ಕೊನೆಯವರೆಗೆ. ನಮ್ಮ ಕೃಷ್ಣಮೃಗದ ಕೊಂಬಿನ ಹಾಗೆ ಅದು ಜೀವಮಾನಕ್ಕೊಂದಲ್ಲ. ವರ್ಷವರ್ಷವೂ ಉದುರಿ ಹೊಸದಾಗಿ ಬರಬೇಕು. ಹಾಲೂಡುವ ತಾಯಿಗೂ ಕೊಂಬು ಬೆಳೆಸುವ ಗಂಡಿಗೂ ಸಸಾರಜನಕ ಅತ್ಯಂತ ಹೆಚ್ಚು ಬೇಕಾದ ಆ ತಿಂಗಳುಗಳಲ್ಲಿಯೇ ಟೆಕ್ಸಸ್‌ನ ನೆಲ ಕಾದ ಹೆಂಚಾಗಿರುತ್ತದೆ. ಅದಕ್ಕಾಗಿಯೇ ಬರ ತಡೆಯುವ ದ್ವಿದಳ ಧಾನ್ಯಗಳ ಮೇಲೆ ಅಲ್ಲಿಯವರ ಕಣ್ಣು ಬಿದ್ದದ್ದು: ಒಂದು ನಮ್ಮ ಅಲಸಂದೆ, ಇನ್ನೊಂದು ನಮ್ಮ ಅವರೆ. ಅಲಸಂದೆ ಆಫ್ರಿಕದ ಗುಲಾಮರ ಹಡಗುಗಳೊಂದಿಗೆ ಅಮೆರಿಕಕ್ಕೆ ಹೋದ ಕಾಳು. ಅವರೆಯಾದರೋ ಒಮ್ಮೆ ಬೇರು ಇಳಿಯಿತೆಂದರೆ ಆಳದ ತೇವವನ್ನು ಹೀರಿಕೊಂಡು, ಸುತ್ತ ಎಲ್ಲ ಒಣಗಿದರೂ ಹಸಿರಾಗಿ ನಿಲ್ಲುತ್ತದೆ. ಹಗಲು ಕಿರಿದಾಗುವವರೆಗೆ ಹೂ ಬಿಡದಿರುವುದು ನಮ್ಮ ಹಳೆಯ ಅವರೆಯ ಗುಣ ತಾನೆ? ನಮಗೆ ಚಳಿಗಾಲದವರೆಗೆ ಕಾಯುವ ಪಾಡು. ಅಲ್ಲಿಯವರಿಗೆ ಬೇಸಗೆಯೆಲ್ಲ ಎಲೆಯೋ ಎಲೆ. ಆದರೆ ಕಾಯಿ ಬಲಿಯುವ ಮೊದಲೇ ಹಿಮ ಬಿದ್ದು ಬೀಜ ಸಿಗುತ್ತಿರಲಿಲ್ಲ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಅಲ್ಲಿಯೇ ಬೀಜ ಕಟ್ಟುವ 'ರಿಯೊ ವರ್ಡೆ' ಎಂಬ ತಳಿಯನ್ನು ಹೊರತಂದ ಮೇಲೆ ಆ ತೊಂದರೆ ತಗ್ಗಿತು.

ಇಷ್ಟು ಕೇಳಿದರೆ ಬರಕ್ಕೆ ಮದ್ದು ಸಿಕ್ಕಿತಲ್ಲ ಎನ್ನಿಸುತ್ತದೆ. ವಿಷಯ ಅಷ್ಟು ಸುಲಭವಲ್ಲ. ಅವರೆ ಬರವನ್ನು ತಡೆಯುವುದು ಬೇರೂರಿದ ಮೇಲೆ. ಮೊಳಕೆಗೆ ಆ ಶಕ್ತಿಯಿಲ್ಲ. ಒಂದು ಹನಿಮಳೆಗೆ ಮೋಸಹೋಗಿ ಮೊಳೆತ ಬೀಜ ಮುಂದಿನ ಹತ್ತು ದಿನದ ಬಿಸಿಲಿಗೆ ಸುಟ್ಟುಹೋಗುತ್ತದೆ. ಇದು ನಮ್ಮ ಬಯಲುಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಅಲ್ಲಿಯ ತಿಳಿದವರು ಬಿತ್ತುವ ಮೊದಲು ಮಾಡುವ ಪರೀಕ್ಷೆ ನನಗೆ ಬಹಳ ಹಿಡಿಸಿತು. ತುದಿಯಲ್ಲಿ ಗುಂಡು ಇರುವ ಉದ್ದನೆಯ ಕಬ್ಬಿಣದ ಸರಳೊಂದನ್ನು ಕೈಯಿಂದ ನೆಲಕ್ಕೆ ಒತ್ತುತ್ತಾರೆ. ತೇವವಿರುವವರೆಗೆ ಸರಳು ಇಳಿಯುತ್ತದೆ, ಒಣ ಮಣ್ಣು ಸಿಕ್ಕಿದೊಡನೆ ನಿಂತುಬಿಡುತ್ತದೆ. ಎರಡು ಮೂರು ಅಡಿ ಇಳಿದರೆ ಧೈರ್ಯವಾಗಿ ಬಿತ್ತಬಹುದು. ಅರ್ಧ ಅಡಿಗೇ ನಿಂತರೆ, ಮೇಲೆ ಎಷ್ಟೇ ಹದವಾಗಿ ಕಂಡರೂ, ಬೀಜ ಮೂಟೆಯಲ್ಲಿಯೇ ಇರುವುದು ಲೇಸು.

ಹಾಗಾದರೆ ನೆಲದೊಳಗೆ ತೇವ ಕೂಡುವುದು ಹೇಗೆ? ಬಿತ್ತುವುದಕ್ಕೆ ಒಂದೆರಡು ತಿಂಗಳು ಮೊದಲೇ ಕಳೆ ಕೊಂದು, ಆ ಒಣಕಲನ್ನು ನೆಲದ ಮೇಲೆಯೇ ಹೊದಿಕೆಯಾಗಿ ಬಿಡುತ್ತಾರೆ. ಉಳುವುದಿಲ್ಲ, ಉತ್ತು ಮಣ್ಣು ಮಗುಚಿದಷ್ಟೂ ತೇವ ಆರಿಹೋಗುತ್ತದೆ. ಹೊದಿಕೆಯನ್ನು ಸೀಳಿಕೊಂಡು ಕಾಳು ಹಾಕುವ ಒಂದು ಬಗೆಯ ಕೂರಿಗೆಯಿಂದ ಒಂದಂಗುಲ ಆಳದಲ್ಲಿ ಬಿತ್ತುತ್ತಾರೆ. 1930ರ ದಶಕದಲ್ಲಿ ಉತ್ತು ಬೋಳಾದ ಬಯಲಿನ ಮಣ್ಣು ಧೂಳಾಗಿ ಆಕಾಶಕ್ಕೆದ್ದು ಆ ದೇಶ ಪಟ್ಟ ಪಾಡಿನ ನೆನಪು ಈ ಪದ್ಧತಿಯ ಹಿಂದೆ ಇದೆ. ಜಾಗ ಆರಿಸುವಾಗಲೂ ತಗ್ಗಿನ ನೆಲ, ಮಧ್ಯಾಹ್ನ ಮೇಲೆ ಮರಗಳ ನೆರಳು ಬೀಳುವ ಮಗ್ಗುಲು ಒಳ್ಳೆಯದು. ಆದರೆ ಮರಕ್ಕೆ ತೀರ ಹತ್ತಿರವಾದರೆ ಇದ್ದ ನೀರನ್ನು ಮರದ ಬೇರೇ ಕುಡಿಯುತ್ತದೆ. ಅವರೆಯ ಜೊತೆಗೆ ಜೋಳವನ್ನೋ ಸೂರ್ಯಕಾಂತಿಯನ್ನೋ ಬೆರೆಸಿ ಬಿತ್ತುವುದೂ ಉಂಟು, ಬಳ್ಳಿ ಹಬ್ಬಲು ಆಸರೆಯಾಗಲೆಂದು. ನಮ್ಮ ರಾಗಿಯ ಹೊಲದ ಅಕ್ಕಡಿ ಸಾಲು ನಿಮಗೆ ನೆನಪಾಗಿರಬೇಕು.

ಇಷ್ಟೆಲ್ಲ ಮಾಡಿಯೂ ಹೊಲ ಬೋಳಾಯಿತೆನ್ನಿ. ಒಡೆಯ ಆಕಾಶ ನೋಡಿ, ಬರ ಕೊಂದಿತು ಎನ್ನುತ್ತಾನೆ. ನಿಜವಾಗಿಯೂ ಬರವೇ ಕೊಂದಿತೆ? ಇದನ್ನು ತೀರ್ಮಾನಿಸಲು ಅಲ್ಲಿಯವರು ಇಟ್ಟುಕೊಂಡಿರುವ ಉಪಾಯ ಮೂರು ನಾಲ್ಕು ಅಡಿ ಅಗಲದ ಒಂದು ತಂತಿಯ ಪಂಜರ. ಕೋಳಿ ಮುಚ್ಚುವ ಮಂಕರಿಯನ್ನು ದೊಡ್ಡದಾಗಿ ತಂತಿಯಲ್ಲಿ ಹೆಣೆದ ಹಾಗೆ. ಬಿತ್ತಿದ ದಿನವೇ ಅದನ್ನು ಹೊಲದ ನಡುವೆ ನಿಲ್ಲಿಸಿ, ಬುಡಕ್ಕೆ ಗೂಟ ಬಡಿದುಬಿಡುತ್ತಾರೆ. ಮಳೆ, ಬಿಸಿಲು, ಮಣ್ಣು ಒಳಗೂ ಹೊರಗೂ ಒಂದೇ. ಜಿಂಕೆಯ ಬಾಯಿ ಮಾತ್ರ ಒಳಗೆ ಹೋಗುವುದಿಲ್ಲ. ತಿಂಗಳ ಮೇಲೆ ನೋಡಿದರೆ ಉತ್ತರ ಕಣ್ಣೆದುರಿಗೇ ಇರುತ್ತದೆ. ಪಂಜರದೊಳಗೂ ಗಿಡ ಬಾಡಿದ್ದರೆ ತಪ್ಪು ಮಳೆಯದು. ಒಳಗೆ ಮೊಣಕಾಲುದ್ದ ಹಸಿರು, ಹೊರಗೆ ಬರಿಯ ಮೋಟುಗಳು ಎಂದಾದರೆ ತಪ್ಪು ಮಳೆಯದಲ್ಲ. ಆ ನೆಲ ಹೊರಲಾರದಷ್ಟು ಬಾಯಿಗಳಿವೆ ಎಂದರ್ಥ. ಎಳೆಯ ಅವರೆಯ ಕುಡಿಯನ್ನು ಮೇಲಿನಿಂದಲೇ ಕಿತ್ತರೆ ಗಿಡ ಮತ್ತೆ ಏಳುವುದು ಕಷ್ಟ. ಒಂದು ಎಕರೆಗಿಂತ ಚಿಕ್ಕ ಹೊಲವಾದರೆ ನಾಲ್ಕೆಲೆ ಬರುವ ಮುನ್ನವೇ ನೆಲಸಮ. ಅದಕ್ಕಾಗಿ ಮೊದಲ ಕೆಲವು ವಾರ ವಿದ್ಯುತ್ ತಂತಿಯ ಬೇಲಿ ಹಾಕಿ, ಬಳ್ಳಿ ಹಬ್ಬಿದ ಮೇಲೆ ತೆಗೆಯುವವರೂ ಇದ್ದಾರೆ.

ಲೆಕ್ಕ ಹಾಕಿ ನೋಡಿ: ಇಪ್ಪತ್ತು ಜಿಂಕೆ, ತಲೆಗೆ ಮೂರು ಕಿಲೋ, ನೂರು ದಿನದ ಬರಗಾಲ. ಆರು ಸಾವಿರ ಕಿಲೋ ಮೇವಾಯಿತು. ಬರದ ವರ್ಷ ಎರಡೆಕರೆ ಅವರೆ ಇದನ್ನು ಹೇಗೆ ಪೂರೈಸೀತು? ಆದ್ದರಿಂದ ಅಲ್ಲಿಯ ಅನುಭವಿಗಳು ಬರ ಬಂದೊಡನೆ ಹೊಲ ಹೆಚ್ಚಿಸುವುದನ್ನಲ್ಲ, ತಲೆಗಳನ್ನು ತಗ್ಗಿಸುವುದನ್ನು ಹೇಳುತ್ತಾರೆ: ಬೇಟೆಯ ಋತುವಿನಲ್ಲಿ ಹೆಣ್ಣು ಜಿಂಕೆಗಳನ್ನೂ ಹೊಡೆಯಿರಿ ಎಂದು. ಈ ಮಾತು ನನ್ನ ಕಿವಿಗೆ ಇಂಪಲ್ಲ. ಆದರೆ ಅರಿಜೋನದ ಕೈಬಾಬ್ ಪ್ರಸ್ಥಭೂಮಿಯ ಕಥೆ ಓದಿದ ಮೇಲೆ ಎದುರುತ್ತರ ತೋಚಲಿಲ್ಲ. ಅಲ್ಲಿ 1906ರಲ್ಲಿ ಜಿಂಕೆಯ ಬೇಟೆ ನಿಲ್ಲಿಸಿ, ಅದನ್ನು ತಿನ್ನುವ ತೋಳ ಮುಂತಾದುವನ್ನು ಕೊಂದರು. ಜಿಂಕೆ ವಿಪರೀತ ಹೆಚ್ಚಿ, ಕೈಗೆಟುಕುವ ಎಲೆಯೆಲ್ಲ ತೀರಿ, 1920ರ ದಶಕದ ಚಳಿಗಾಲಗಳಲ್ಲಿ ಸಾವಿರಾರು ಹಸಿವಿನಿಂದ ಸತ್ತವು. ಎಷ್ಟು ಸತ್ತವು, ಮುಖ್ಯ ಕಾರಣ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಸತ್ತದ್ದಂತೂ ನಿಜ.

ಮೇವಿಲ್ಲದಾಗ ಮೆಕ್ಕೆಜೋಳ ಸುರಿದರಾಗದೆ? ಸುರಿಯುವವರು ಬೇಕಾದಷ್ಟು ಜನ. ಬರದಲ್ಲಿ ಬೆಳೆದ ಮೆಕ್ಕೆಜೋಳದಲ್ಲಿ ಬೂಷ್ಟಿನ ವಿಷ ಹೆಚ್ಚು. ಅದರಲ್ಲಿ ಸಸಾರಜನಕವೂ ಸಾಲದು. ಎಲ್ಲಕ್ಕಿಂತ ಮಿಗಿಲಾಗಿ ಒಂದೇ ರಾಶಿಗೆ ಹತ್ತಾರು ಮೂತಿಗಳು ಸೇರಿದರೆ ರೋಗ ದಾಟುತ್ತದೆ. ಜಿಂಕೆಯ ಮಿದುಳನ್ನು ಕೆಡಿಸಿ ಬಡಕಲು ಮಾಡಿ ಕೊಲ್ಲುವ ರೋಗವೊಂದು 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡಿತು. 2012ರಲ್ಲಿ ಟೆಕ್ಸಸ್‌ಗೂ ಬಂದಿರುವುದು ತಿಳಿಯಿತು. ಅದಕ್ಕೆ ಮದ್ದಿಲ್ಲ. ಕೆರೆ ಬತ್ತಿ ಉಳಿದ ಕೆಸರಿನಲ್ಲಿ ಹುಟ್ಟುವ ಸಣ್ಣ ನೊಣಗಳಿಂದ ಹರಡುವ ಜ್ವರ ಇನ್ನೊಂದು. ನಮ್ಮ ಕುರಿಗಾರರು ಬಲ್ಲ ನೀಲಿ ನಾಲಗೆ ರೋಗದ ದಾಯಾದಿ ಅದು. ಬೇಸಗೆಯ ಕೊನೆಯಲ್ಲಿ ಜಿಂಕೆಗಳು ನೀರಿನ ಬದಿಯಲ್ಲಿಯೇ ಸತ್ತು ಬಿದ್ದಿರುತ್ತವೆ.

ಕೊನೆಗೂ ಬರದಲ್ಲಿ ಜಿಂಕೆಯನ್ನು ಕಾಯುವುದು ಬಹುಮಟ್ಟಿಗೆ ಯಾರೂ ಬಿತ್ತದ ಗಿಡಗಳು. ನಾವು ಕಳೆ ಎಂದು ಕೀಳುವ ಜಾತಿಯ ಎಷ್ಟೋ ಅಗಲ ಎಲೆಯ ಸಸಿಗಳಲ್ಲಿ ಅವರೆಗೆ ಸಮನಾದ ಸತ್ತ್ವವಿದೆ. ದನಗಳನ್ನು ಮಿತಿಮೀರಿ ಮೇಯಿಸದೆ ಉಳಿಸಿದ ಕುರುಚಲು ನೆಲದಲ್ಲಿ ಅವು ತಾವಾಗಿ ಬರುತ್ತವೆ. ಬಂಡೀಪುರದಲ್ಲಿ ಲಂಟಾನ ಕಿತ್ತು ಹುಲ್ಲಿಗೆ ಎಡೆಮಾಡಿಕೊಡುವ ಕೆಲಸವೂ ಇದೇ ಜಾತಿಯದು. ಅಲ್ಲಿ ಯಾರೂ ಅವರೆ ಬಿತ್ತಬೇಕಾಗಿಲ್ಲ.

2010ರ ಅಕ್ಟೋಬರಿನಿಂದ 2011ರ ಸೆಪ್ಟೆಂಬರಿನವರೆಗಿನ ಹನ್ನೆರಡು ತಿಂಗಳು ಟೆಕ್ಸಸ್‌ನ ದಾಖಲೆಯಲ್ಲಿಯೇ ಅತಿ ಕಡಿಮೆ ಮಳೆಯ ವರ್ಷ. ನನ್ನ ವಿದ್ಯಾರ್ಥಿಯ ನೆರೆಯವರಾದ ಮುದುಕರೊಬ್ಬರು ಆ ಬೇಸಗೆಯಲ್ಲಿ ವಾರವಾರವೂ ಹೊಲಕ್ಕೆ ಹೋಗಿ ಸರಳು ಒತ್ತಿ ನೋಡಿ ಬರುತ್ತಿದ್ದರಂತೆ. ಗೇಣುದ್ದವೂ ಇಳಿಯಲಿಲ್ಲ. ಅಕ್ಕಪಕ್ಕದವರು ಬಿತ್ತಿ ಕಳೆದುಕೊಂಡರು. ಅವರು ಹಳೆಯ ಒಣಹೊದಿಕೆಯನ್ನು ಕದಲಿಸದೆ ಬಿಟ್ಟು, ಅವರೆಯ ಮೂಟೆಯನ್ನು ಇಲಿ ಮುಟ್ಟದ ಹಾಗೆ ತಗಡಿನ ಪೀಪಾಯಿಗೆ ಸುರಿದು ಮುಚ್ಚಿಟ್ಟರು. ಮಾರನೆಯ ವರ್ಷ ಸರಳು ಮೊಳದುದ್ದಕ್ಕೂ ಮೀರಿ ಇಳಿದ ದಿನ ಅದೇ ಬೀಜವನ್ನು ತೆಗೆದು ಬಿತ್ತಿದರು.